ನಮ್ಮ ನಾಸ್ತಿಕ ಮಾವನ ಹರಕೆ

ಇಡೀ ಡೊಂಬಿವಲಿಯಲ್ಲಿ ದೇವರ ಹೆಸರನ್ನು ನಮ್ಮ ಮಾವನಷ್ಟು ಸಲ ಎತ್ತುವವರು ಇನ್ನೊಬ್ಬರಿಲ್ಲ. ದೇವಸ್ಥಾನದ ಅರ್ಚಕರಾದರೂ ಮಧ್ಯಾಹ್ನ ಬಾಗಿಲು ಹಾಕಿ ಒಂದು ಗಂಟೆ ಅಡ್ಡಾಗುತ್ತಾರೆ. ಅಷ್ಟು ಹೊತ್ತು ದೇವರಿಗೂ ಬಿಡುವು. ಮಾವ ಬಿಡುವು ಕೊಡುವ ಪೈಕಿ ಅಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ರಾತ್ರಿ ಊಟ ಮುಗಿಸಿ ಕೈ ತೊಳೆಯುವವರೆಗೂ ದೇವರು, ದೇವರು, ದೇವರು! ಇಷ್ಟು ಕೇಳಿ ಅವರನ್ನು ಮಹಾಭಕ್ತರು ಅಂದುಕೊಂಡಿರೋ, ಕೆಟ್ಟಿರಿ. ಅವರು ನಾಸ್ತಿಕರು. ಅದೂ ಉಡುಪಿ ಕಡೆಯ ನಾಸ್ತಿಕರು. ಅಂದರೆ ದೇವರಿಲ್ಲ ಎನ್ನುವುದನ್ನೂ ಸ್ನಾನ ಮಾಡಿಯೇ ಹೇಳುವವರು.

ಮಾವ ಎಂದರೆ ನನ್ನ ತಾಯಿಯ ಅಣ್ಣ. ಘಾಟ್‌ಕೋಪರಿನ ಒಂದು ಬಣ್ಣದ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದು ನಿವೃತ್ತರಾದವರು. ಅವರದು ಮೂರನೇ ಮಾಳಿಗೆ, ನಮ್ಮದು ಅದೇ ಬಿಲ್ಡಿಂಗಿನ ಎರಡನೆಯದು. ಅವರ ನೆಲವೇ ನಮ್ಮ ಚಾವಣಿ ಆದ್ದರಿಂದ ಅವರ ಮನೆಯ ಮಾತು ಕೇಳಲು ನಾನು ಕದ್ದು ನಿಲ್ಲಬೇಕಾಗಿಲ್ಲ. ಮೇಲೆ ಇರುವವರು ಇಬ್ಬರೇ, ಮಾವ ಮತ್ತು ಅತ್ತೆ. ಅತ್ತೆಯನ್ನು ಕೇಳಿದರೆ ಮೂವರು ಎನ್ನುತ್ತಾರೆ; ಗೋಡೆಯ ಗೂಡಿನಲ್ಲಿರುವ ಕೃಷ್ಣನನ್ನೂ ಸೇರಿಸಿ.

ಕೆಲಸಕ್ಕೆ ಹೋಗುತ್ತಿದ್ದ ಕಾಲದಲ್ಲಿ ಮಾವ ಹಿಡಿಯುತ್ತಿದ್ದದ್ದು ಬದಲಾಪುರದಿಂದ ಬರುವ ಬೆಳಗಿನ ಲೋಕಲ್. ಆ ಗಾಡಿಯನ್ನು ಡೊಂಬಿವಲಿಯಲ್ಲಿ ಹತ್ತುವುದೆಂದರೆ ಗೊತ್ತಲ್ಲ? ಒಂದು ಕಾಲನ್ನು ಇಲ್ಲಿ ಒಳಗಿಟ್ಟರೆ ಇನ್ನೊಂದಕ್ಕೆ ಜಾಗ ಸಿಗುವುದು ಠಾಣೆಯಲ್ಲಿ! ಮಾವ ಮಾತ್ರ ಕೂತು ಹೋಗುತ್ತಿದ್ದರು. ಹೇಗೆ ಅಂತೀರಿ? ಆ ಡಬ್ಬಿಯಲ್ಲಿ ಒಂದು ಭಜನಾ ಮಂಡಳಿ ಇತ್ತು. ತಾಳ ಹಾಕುವವರಿಗೆ ಕಿಟಕಿ ಪಕ್ಕದ ಸೀಟು ಕಾದಿರಿಸುತ್ತಿದ್ದರು. ಮಾವ ಹದಿನೆಂಟು ವರ್ಷ ತಾಳ ಹಾಕಿದರು.

"ಎಂತ ಮಾವ, ನೀವು ಭಜನೆ ಮಾಡುವುದಾ?" ಎಂದು ನಾನೊಮ್ಮೆ ಕೆಣಕಿದ್ದೆ.

"ಭಜನೆ ಅವರು ಮಾಡುವುದು ಮಾರಾಯ್ತಿ. ನಾನು ತಾಳದ ಮಾತ್ರೆ ಎಣಿಸುವುದು. ಎಣಿಸುವುದರಲ್ಲಿ ದೇವರು ಎಲ್ಲಿ ಬರ್ತಾನೆ?"

ಒಂದು ಹಾಡಿಗೂ ಇನ್ನೊಂದು ಹಾಡಿಗೂ ನಡುವೆ ಮಂಗ ಮನುಷ್ಯನಾದ ಕಥೆಯನ್ನು ಮಂಡಳಿಯವರಿಗೆ ವಿವರಿಸುತ್ತಿದ್ದರಂತೆ. ಅವರೂ ಒಳ್ಳೆಯವರು, ಪೂರ್ತಿ ಕೇಳಿ, "ಚಲಾ ಕಾಕಾ, ಆತಾ ಟಾಳ್ ಧರಾ" ಎಂದು ತಾಳ ಕೈಗೆ ಕೊಡುತ್ತಿದ್ದರಂತೆ. ಕೊನೆಯ ದಿನ ಶಾಲು ಹೊದಿಸಿ ಕಾಲಿಗೆ ಬಿದ್ದರು. ಮಾವನ ಕಣ್ಣಲ್ಲಿ ನೀರು ಬಂತು. ಇಂಜಿನ್ನಿನ ಹೊಗೆ ಹೋಗಿರಬೇಕು ಎಂದು ಮನೆಗೆ ಬಂದು ಹೇಳಿದರು. ಲೋಕಲ್ ಓಡುವುದು ಕರೆಂಟಿನಲ್ಲಿ ಸ್ವಾಮಿ!

ಭಕ್ತರ ಮೇಲೆ ಅವರಿಗೆ ಸಿಟ್ಟಿಲ್ಲ. ಸಿಟ್ಟು ಬರುವುದು ವಿಜ್ಞಾನದ ಕೋಟು ಹಾಕಿಕೊಂಡು ಬರುವ ಭಕ್ತಿಯ ಮೇಲೆ. ದೇವರ ಮುಂದೆ ಗಂಟೆ ಬಾರಿಸಿದರೆ ಸುತ್ತಲಿನ ಕ್ರಿಮಿಗಳೆಲ್ಲ ಸಾಯುತ್ತವೆ ಎಂಬ ಸಂದೇಶ ಒಮ್ಮೆ ಅತ್ತೆಯ ಮೊಬೈಲಿಗೆ ಬಂತು. ಮಾವ ವಾದ ಮಾಡಲಿಲ್ಲ. ಪಾವ್ ಬ್ರೆಡ್ಡಿನ ಎರಡು ತುಂಡು ಒದ್ದೆ ಮಾಡಿ ಒಂದನ್ನು ದೇವರ ಗೂಡಿನ ಪಕ್ಕ, ಇನ್ನೊಂದನ್ನು ಫ್ರಿಜ್ಜಿನ ಮೇಲೆ ಇಟ್ಟರು. ಅತ್ತೆ ಎರಡು ಹೊತ್ತೂ ಎಂದಿಗಿಂತ ಜೋರಾಗಿ ಗಂಟೆ ಬಾರಿಸಿದರು. ನಾಲ್ಕನೇ ದಿನ ಎರಡಕ್ಕೂ ಬೂಸ್ಟು ಹಿಡಿಯಿತು. ದೇವರ ಪಕ್ಕದ್ದಕ್ಕೆ ಒಂದು ಮುಷ್ಟಿ ಜಾಸ್ತಿಯೇ!

"ಈಗ ಎಂತ ಹೇಳ್ತೀ?" ಎಂದರು ಮಾವ, ಗೆದ್ದ ಮುಖದಲ್ಲಿ.

"ಹೇಳುವುದೆಂತ? ನೈವೇದ್ಯ ಮಾಡದೆ ದೇವರ ಎದುರು ತಂಗಳು ಪಾವು ಇಟ್ಟರೆ ಮತ್ತೆಂತ ಆಗ್ತದೆ?"

ತಮ್ಮ ಪ್ರಯೋಗದಲ್ಲಿ ಎಲ್ಲಿ ತಪ್ಪಿತು ಎಂದು ಮಾವ ಮೂರು ದಿನ ಯೋಚಿಸಿದರು.

ಇನ್ನು ರಾಜಕೀಯ. ಚುನಾವಣೆ ಬಂದಾಗಲೆಲ್ಲ ನಮ್ಮ ಗಲ್ಲಿಯ ಗಟಾರಕ್ಕೆ ಭೂಮಿಪೂಜೆ ಆಗುತ್ತದೆ. ಗಟಾರ ಮಾತ್ರ ಆಗಿಲ್ಲ. ಕಳೆದ ಸಲ ಅಭ್ಯರ್ಥಿ ಕೈಮುಗಿದುಕೊಂಡು ಬಂದಾಗ ಮಾವ ಎಲ್ಲರೆದುರೇ ಕೇಳಿಬಿಟ್ಟರು. "ಸಾಹೇಬ್, ನಾರಿಯಲ್ ತೀನ್ ಬಾರ್ ಫೋಡಾ, ಜಮೀನ್ ಏಕ್ ಬಾರ್ ಭೀ ನಹೀಂ ಖೋದಾ." ತೆಂಗಿನಕಾಯಿ ಮೂರು ಸಲ ಒಡೆದಿರಿ, ನೆಲವನ್ನು ಒಂದು ಸಲವಾದರೂ ಅಗೆಯಬಾರದೇ! ಜನ ನಕ್ಕರು. ಅಭ್ಯರ್ಥಿಯೂ ನಕ್ಕು ಪ್ರಸಾದ ಕೊಟ್ಟು ಹೋದರು. ಮೆಟ್ಟಿಲು ಹತ್ತುವಾಗ ಮಾವ ನಗಲಿಲ್ಲ. "ನೋಡು, ನಂಬುವವರು ನಂಬಲಿ. ಅದು ಅವರ ಮನೆಯ ಒಳಗಿನ ವಿಷಯ. ಇವರು ದೇವರನ್ನು ಬಾಗಿಲಲ್ಲಿ ನಿಲ್ಲಿಸಿ ತಾವು ಹಿಂದಿನಿಂದ ತಪ್ಪಿಸಿಕೊಳ್ತಾರಲ್ಲ, ಅದು ನನಗೆ ಸಹಿಸಲಿಕ್ಕೆ ಆಗುವುದಿಲ್ಲ" ಎಂದರು.

ಆದರೆ ಅವರ ನಿಜವಾದ ವಾದವೆಲ್ಲ ಅತ್ತೆಯ ಜೊತೆಗೇ. ಸಂಜೆ ಅತ್ತೆ ದೀಪ ಹಚ್ಚಿದರೆಂದರೆ ಬಾಲ್ಕನಿಯಿಂದ ಶುರು. ಇಷ್ಟು ದೊಡ್ಡ ಬ್ರಹ್ಮಾಂಡ ಮಾಡಿದವನಿಗೆ ನಿನ್ನ ಎರಡು ಹನಿ ಎಣ್ಣೆ ಯಾಕೆ? ಅತ್ತೆ ಬತ್ತಿ ಸರಿಮಾಡುತ್ತಲೇ ಉತ್ತರ ಕೊಡುವರು. ನಿಮಗೆ ಮೂರು ಹೊತ್ತು ಅನ್ನ ಹಾಕುವವಳಿಗೆ ಎರಡು ಹನಿ ಎಣ್ಣೆ ಲೆಕ್ಕವಾ? ಮಾತು ಗ್ರಹಣಕ್ಕೆ ಹೋಗುವುದು, ಅಲ್ಲಿಂದ ಭೂಕಂಪಕ್ಕೆ, ಅಲ್ಲಿಂದ ಅತ್ತೆಯ ತವರುಮನೆಗೆ. ಕುಕ್ಕರ್ ಕೂಗುವವರೆಗೂ ನಡೆಯುತ್ತಿತ್ತು. ಮೂವತ್ತು ವರ್ಷದ ಮೇಲಾಯಿತು, ಇಬ್ಬರಲ್ಲಿ ಒಬ್ಬರೂ ಒಂದಿಂಚು ಸರಿದಿಲ್ಲ.

ಹೀಗಿರುವಾಗ ಅತ್ತೆಗೆ ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಪರೀಕ್ಷೆ ಮಾಡಿಸಿದರೆ ಹೃದಯದ ಒಂದು ವಾಲ್ವು ಕೆಟ್ಟಿದೆ ಎಂದರು. ಎದೆ ತೆರೆದು ಬದಲಿಸಬೇಕು, ತಡಮಾಡಿದರೆ ಕಷ್ಟ ಎಂದರು. ಮಾವ ಮನೆಗೆ ಬಂದು ಪ್ರೆಶರ್ ಕುಕ್ಕರಿನ ಸೀಟಿ ಬಿಚ್ಚಿ ತೋರಿಸಿ ವಾಲ್ವು ಎಂದರೇನು ಎಂದು ಅತ್ತೆಗೆ ವಿವರಿಸಿದರು. ವಿವರಿಸಿ ಮುಗಿದರೂ ಸೀಟಿಯನ್ನು ಕೈಯಿಂದ ಕೆಳಗಿಡಲಿಲ್ಲ. ಅತ್ತೆ ಎಲ್ಲ ಕೇಳಿದರು.

"ಸರಿ, ಅರ್ಥ ಆಯ್ತು. ನಿಮ್ಮ ಹರಕೆ ಎಂತ?"

"ನನ್ನ ಹರಕೆಯಾ?"

"ನನ್ನದು ನಾನು ಹೇಳಿಕೊಂಡು ಆಗಿದೆ. ನಿಮ್ಮದೂ ಬೇಕು. ನೀವು ಬಾಯಿಬಿಟ್ಟು ಒಂದು ಹರಕೆ ಹೇಳದೆ ನಾನು ಆಪರೇಷನ್ನಿಗೆ ಸಹಿ ಹಾಕುವುದಿಲ್ಲ."

ಹಟವೆಂದರೆ ಹಟ! ನಾನು ಗೋಗರೆದೆ, ಡಾಕ್ಟರರು ಫೋನಿನಲ್ಲಿ ಹೇಳಿದರು, ಅತ್ತೆ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಮಾವನನ್ನೇ ಮೆಟ್ಟಿಲ ಬಳಿ ಹಿಡಿದು, "ಹೇಳಿಬಿಡಿ ಮಾವ. ಒಂದು ಮಾತಲ್ವಾ? ನಿಮ್ಮ ಗಂಟು ಎಂತ ಹೋಗ್ತದೆ?" ಎಂದು ಗದರಿದೆ. ಅವರು ನನ್ನನ್ನೇ ನೋಡಿದರು. "ನಂಬದೆ ಹೇಳಿದರೆ ಸುಳ್ಳಾಗ್ತದೆ. ಸುಳ್ಳು ಹೇಳಿ ಅವಳನ್ನು ಆ ಟೇಬಲ್ ಮೇಲೆ ಮಲಗಿಸುವುದಾ? ಇಷ್ಟು ವರ್ಷ ಸುಳ್ಳು ಹೇಳದವನು ಆ ದಿನವೇ ಹೇಳಬೇಕಾ?"

ಮೂರು ದಿನ ಹೀಗೇ ಕಳೆಯಿತು. ನಾಲ್ಕನೇ ದಿನ ಮತ್ತೆ ತೋರಿಸಲೆಂದು ನವಿ ಮುಂಬಯಿಯ ಆಸ್ಪತ್ರೆಗೆ ಹೊರಟೆವು. ಶಿಳ್‌ಫಾಟಾದಲ್ಲಿ ಎಂದಿನಂತೆ ಟ್ರಾಫಿಕ್ ಜಾಮ್. ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಅತ್ತೆಗೆ ಉಸಿರು ಸಾಲುತ್ತಿರಲಿಲ್ಲ. ನಾನು ಬೀಸುತ್ತಿದ್ದೆ. ಮುಂದೆ ಕೂತಿದ್ದ ಮಾವ ಹಿಂದಕ್ಕೆ ತಿರುಗಿದರು.

"ಆಯ್ತು. ಹರಕೆ ಹೇಳ್ತೇನೆ, ಕೇಳು. ನೀನು ಗುಣವಾಗಿ ಮನೆಗೆ ಬಂದರೆ ಒಂದು ವರ್ಷ ದೇವರ ವಿಷಯದಲ್ಲಿ ನಾನು ಒಂದು ಮಾತೂ ಆಡುವುದಿಲ್ಲ. ಉಂಟು ಅಂತಲೂ ಇಲ್ಲ, ಇಲ್ಲ ಅಂತಲೂ ಇಲ್ಲ."

"ಇದು ಯಾರಿಗೆ ಹೇಳಿಕೊಂಡದ್ದು?"

"ನಿನಗೆ."

"ಅದು ಹೇಗೆ ಹರಕೆ ಆಗ್ತದೆ?"

"ಕಾಶಿಗೆ ಹೋದವರು ಇಷ್ಟದ್ದನ್ನು ಬಿಟ್ಟು ಬರ್ತಾರೆ ಅಂತ ನೀನೇ ಹೇಳುವುದಲ್ವಾ? ನನ್ನ ಹತ್ತಿರ ಬಿಡಲಿಕ್ಕೆ ಇರುವುದು ಅದೊಂದೇ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು "ಸಾಕು" ಎಂದರು. ಆಸ್ಪತ್ರೆಯಲ್ಲಿ ಪೆನ್ನು ಕೇಳಿ ಪಡೆದು ತಾವೇ ಸಹಿ ಹಾಕಿದರು.

ಆಪರೇಷನ್ ಐದು ಗಂಟೆ ನಡೆಯಿತು. ಹೊರಗೆ ಬೆಂಚಿನ ಮೇಲೆ ಮಾವ ಬೆನ್ನು ನೆಟ್ಟಗೆ ಮಾಡಿ ಕೂತೇ ಇದ್ದರು, ಒಂದು ಗುಟುಕು ನೀರು ಕುಡಿಯಲಿಲ್ಲ. ಕೊನೆಗೆ ಸರ್ಜನ್ ಹೊರಬಂದು ಮಾಸ್ಕ್ ಇಳಿಸಿ ಮೇಲೆ ಕೈತೋರಿಸಿದರು. "ಹಮ್‌ನೇ ತೋ ಸಿರ್ಫ್ ಹಾಥ್ ಚಲಾಯಾ ಕಾಕಾ. ಬಾಕಿ ಸಬ್ ಊಪರ್‌ವಾಲಾ." ನಾವು ಕೈ ಆಡಿಸಿದ್ದಷ್ಟೇ, ಉಳಿದದ್ದೆಲ್ಲ ಮೇಲಿನವನದ್ದು! ಅಯ್ಯೋ ದೇವರೇ, ವಿಜ್ಞಾನ ಓದಿದ ಮನುಷ್ಯ ಮಾವನ ಎದುರು ಹೇಳಬೇಕಾದ ಮಾತೇ ಇದು? ಮಾವ ಬಾಯಿ ತೆರೆದರು. ಮತ್ತೆ ಮುಚ್ಚಿದರು. ಡಾಕ್ಟರರ ಎರಡೂ ಕೈಗಳನ್ನು ಹಿಡಿದುಕೊಂಡು ಸುಮ್ಮನೆ ನಿಂತರು.

ಅತ್ತೆ ಮನೆಗೆ ಬಂದರು. ನೋಡಲು ಬಂದವರೆಲ್ಲ ಒಬ್ಬೊಬ್ಬರು ಒಂದೊಂದು ದೇವರ ಹೆಸರು ಹೇಳಿದರು. ವಾಶಿಯಿಂದ ಬಂದ ಅತ್ತೆಯ ತಂಗಿ ತಾನು ಹೇಳಿಕೊಂಡ ರಂಗಪೂಜೆಯಿಂದಲೇ ಆದದ್ದು ಎಂದರು. ಎದುರು ಮನೆಯ ಮರಾಠಿ ಹೆಂಗಸು ಕಾಕೂ ತನ್ನ ಹದಿನಾರು ಸೋಮವಾರದ ಉಪವಾಸದಿಂದ ಎಂದರು. ಇಬ್ಬರ ನಡುವೆ ಸಣ್ಣ ಮಟ್ಟಿಗೆ ಬಿಸಿಯೂ ಆಯಿತು. ಮಾವ ಇಬ್ಬರಿಗೂ ಕಾಫಿ ತಂದುಕೊಟ್ಟು ಸಕ್ಕರೆ ಸಾಕಾ ಎಂದು ಕೇಳಿದರು, ಅಷ್ಟೇ.

ಮೊದಲ ತಿಂಗಳು ಅತ್ತೆಗೆ ಹೆಮ್ಮೆ. "ನೋಡಿದ್ಯಾ, ಎಷ್ಟು ತಣ್ಣಗೆ ಉಂಟು ಮನೆ!" ಎಂದು ನನಗೆ ಹೇಳಿದರು. ಎರಡನೇ ತಿಂಗಳು ಸುಮ್ಮನಾದರು. ಮೂರನೇ ತಿಂಗಳು ಕೆಣಕಲು ಶುರು. ಬೇಕೆಂದೇ ಮಂತ್ರ ತಪ್ಪು ಹೇಳುವುದು, ಬೇಕೆಂದೇ ಗಂಟೆ ಹತ್ತು ನಿಮಿಷ ಬಾರಿಸುವುದು. ತುಳಸಿಯ ಬುಡದಲ್ಲಿ ಮೊಬೈಲ್ ಇಟ್ಟರೆ ಅದರ ಕಿರಣವೆಲ್ಲ ಭೂಮಿಗೆ ಇಳಿಯುತ್ತದಂತೆ ಎಂಬ ಸಂದೇಶವನ್ನು ಎರಡು ಸಲ ಗಟ್ಟಿಯಾಗಿ ಓದಿದರು. ಮಾವ ಎದ್ದು ಹೋಗಿ ತುಳಸಿಗೆ ನೀರು ಹಾಕಿ ಬಂದರು!

ನಮ್ಮ ಚಾವಣಿಯೂ ಮೂಕವಾಯಿತು. ಸಂಜೆ ಕುಕ್ಕರ್ ಕೂಗುವುದು ಬಿಟ್ಟರೆ ಮೇಲಿಂದ ಸದ್ದಿಲ್ಲ. ಮಾವ ಸೊರಗಿದರು, ಪೇಪರ್ ಓದುವರು, ಮಡಚಿಡುವರು. ಒಂದು ದಿನ ಅತ್ತೆ ನಮ್ಮ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತರು. "ನನಗೆ ಸಾಕಾಗಿದೆ ಮಾರಾಯ್ತಿ. ಇವರು ದಿನಾ ಇಲ್ಲ, ಇಲ್ಲ ಅಂತ ಹೇಳುವಾಗ ದೇವರು ಅಲ್ಲೇ ಕೂತು ಕೇಳ್ತಿದ್ದ ಹಾಗೆ ಇತ್ತು. ಈಗ ಅವನೂ ಎದ್ದು ಹೋದ ಹಾಗೆ ಆಗಿದೆ. ಬದುಕಿ ಬಂದದ್ದು ಯಾರ ಮನೆಗೆ ನಾನು?" ಎಂದು ಅತ್ತೇಬಿಟ್ಟರು. ನನಗೆ ಸಂಕಟವಾಯಿತು. ಹರಕೆ ಬೇಡಿದವರೂ ಅವರೇ, ಕೊಟ್ಟವರನ್ನು ಬಿಡಿಸುವುದು ಹೇಗೆಂದು ತಿಳಿಯದವರೂ ಅವರೇ.

ಎಂಟು ತಿಂಗಳಾಗಿತ್ತು. ಒಂದು ಸಂಜೆ ನಾನು ದೋಸೆಹಿಟ್ಟಿನ ಪಾತ್ರೆ ಹಿಡಿದು ಮೇಲೆ ಹೋದೆ. ಬಾಗಿಲು ತೆರೆದಿತ್ತು. ಅತ್ತೆ ದೀಪ ಹಚ್ಚಿ ಗೂಡಿನ ಮುಂದೆ ನಿಂತಿದ್ದರು, ಮಾವ ಕುರ್ಚಿಯಲ್ಲಿದ್ದರು.

"ಕೃಷ್ಣಾ, ಇವರ ಹರಕೆ ಇವತ್ತಿಗೆ ಸಂದಿತು ಅಂತ ತಿಳ್ಕೊ. ಇವರನ್ನು ಬಿಟ್ಟುಬಿಡು" ಎಂದ ಅತ್ತೆ ಮಾವನ ಕಡೆ ತಿರುಗಿದರು. "ಹಾಂ, ಇನ್ನು ಶುರು ಮಾಡಿ. ಏನು ಬೇಕಾದರೂ ಹೇಳಿ."

ಮಾವ ಪೇಪರ್ ಮಡಚಿದರು.

"ಹೇಳಿ ಅಂದೆನಲ್ಲ!"

"ಬೇಡ. ಇನ್ನೂ ನಾಲ್ಕು ತಿಂಗಳು ಉಂಟು."

"ಬೇಡಿದವಳು ನಾನು. ನಾನೇ ಬಿಡಿಸಿ ಆಯ್ತಲ್ಲ?"

ಮಾವ ಮಡಚಿದ್ದ ಪೇಪರನ್ನು ಮತ್ತೆ ಮಡಚಿದರು. ಅವರ ಸ್ವರ ಎಷ್ಟು ಸಣ್ಣದಾಗಿತ್ತೆಂದರೆ ಬಾಗಿಲಲ್ಲಿದ್ದ ನನಗೆ ಕಷ್ಟಪಟ್ಟು ಕೇಳಿಸಿತು.

"ಬೇಡ ಮಾರಾಯ್ತಿ. ನಾನು ಏನಾದರೂ ಹೇಳಿ, ನಿನಗೆ ಏನಾದರೂ ಆದರೆ?"

ಬೇರೆ ಯಾವ ದಿನವಾದರೂ ಈ ಮಾತಿಗೆ ನಾನು ಬಿಲ್ಡಿಂಗೆಲ್ಲ ಕೇಳುವಂತೆ ನಗುತ್ತಿದ್ದೆ. ಆ ಹೊತ್ತಿನಲ್ಲಿ ಹಿಟ್ಟಿನ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಅತ್ತೆ ಹತ್ತಿರ ಹೋಗಿ ಮಾವನ ನೆರೆತ ತಲೆಯ ಮೇಲೆ ಕೈಯಿಟ್ಟರು.

"ಎಂತದೂ ಆಗುವುದಿಲ್ಲ" ಎಂದರು ಗಟ್ಟಿಯಾಗಿ. "ಅಲ್ಲಿ ಕೇಳಿಸಿಕೊಳ್ಳಲಿಕ್ಕೆ ಯಾರಿದ್ದಾರೆ?"

ಹೇಳಿದವರೇ, ಮಾವನಿಗೆ ಕಾಣದಂತೆ ದೇವರ ಗೂಡಿನ ಕಡೆ ತಿರುಗಿ, ಎರಡೂ ಕೆನ್ನೆಗೆ ಮೆಲ್ಲಗೆ ಬಡಿದುಕೊಂಡರು.