ಮೂರಡಿ ಬಾಗಿಲಿನ ಒಳಗೆ ಐದಡಿ ದೋಣಿ

ತುರ್ತು ನಿರ್ವಹಣಾ ಕಚೇರಿಯ ಪರಮಪೂಜ್ಯ ಅಧಿಕಾರಿಗಳಲ್ಲಿ, ಕಚೇರಿಯ ಹಿಂದಿನ ಬೀದಿಯ ಬಡಗಿಯು ಮರದ ಹೊಟ್ಟನ್ನು ಕೊಡವಿಕೊಂಡು, ಕೈ ತೊಳೆದುಕೊಂಡು ಮಾಡುವ ಬಿನ್ನಹ.

ಮಾನ್ಯರೇ,

ತಾವೂ, ತಮ್ಮ ಮೇಜೂ, ಮೇಜಿನ ಮೇಲಿನ ಮೂರು ದೂರವಾಣಿಗಳೂ, ಅವುಗಳಲ್ಲಿ ಕೆಲಸ ಮಾಡುವ ಆ ಒಂದು ದೂರವಾಣಿಯೂ ಕ್ಷೇಮವಾಗಿರುವಿರೆಂದು ನಂಬಿ ಈ ಪತ್ರವನ್ನು ಆರಂಭಿಸುತ್ತಿದ್ದೇನೆ. ಕಳೆದ ವಾರ ತಮ್ಮ ಕಚೇರಿಯಿಂದ ನನಗೆ ಒಂದೇ ದಿನ, ಒಂದೇ ಟಪಾಲಿನಲ್ಲಿ ಎರಡು ಕಾಗದಗಳು ಬಂದವು. ಮೊದಲನೆಯದು, ತಮ್ಮ ತರಬೇತಿ ಸಭಾಂಗಣದ ಬಾಗಿಲನ್ನೂ ಅದರ ಪಕ್ಕದ ಗೋಡೆಯನ್ನೂ ಒಡೆದ ಕಾರಣಕ್ಕೆ ನನ್ನ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಕೇಳುವ ನೋಟಿಸು. ಎರಡನೆಯದು, ತುರ್ತು ನಿರ್ವಹಣೆಯಲ್ಲಿ ಅನುದಾನ, ತರಬೇತಿ ಹಾಗೂ ಜನಸೇವೆಯ ಸುವರ್ಣಾವಕಾಶಗಳಿದ್ದು ಆಸಕ್ತರು ಕೂಡಲೇ ಅರ್ಜಿ ಹಾಕಬೇಕೆಂಬ ಬಣ್ಣದ ಪ್ರಕಟಣೆ. ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದ ನನ್ನ ಹೆಂಡತಿ ಎರಡನ್ನೂ ಓದಿ, "ಒಂದರಲ್ಲಿ ಯಾಕೆ ಮಾಡಿದೆ ಅಂತಾರೆ, ಇನ್ನೊಂದರಲ್ಲಿ ಬಂದು ಮಾಡು ಅಂತಾರೆ. ಎರಡಕ್ಕೂ ಸೇರಿಸಿ ಒಂದೇ ಉತ್ತರ ಬರೆದುಬಿಡಿ, ಕಾಗದ ಉಳಿಯುತ್ತೆ" ಎಂದಳು. ಆದ್ದರಿಂದ ಈ ಪತ್ರವನ್ನು ತಾವು ವಿವರಣೆಯೆಂದೂ ಅರ್ಜಿಯೆಂದೂ ಏಕಕಾಲಕ್ಕೆ ಸ್ವೀಕರಿಸಬೇಕು. ನನ್ನ ಹಿಂದಿನ ಎರಡು ಪತ್ರಗಳು ತಮ್ಮ ಟಪಾಲು ವಿಭಾಗದಲ್ಲಿ ದಾರಿ ತಪ್ಪಿದ್ದರಿಂದ ಇದನ್ನು ಬಹಿರಂಗವಾಗಿ, ತಮ್ಮದೇ ಸೂಚನಾ ಫಲಕಕ್ಕೆ, ನನ್ನದೇ ಮೊಳೆಯಿಂದ ಹೊಡೆದಿದ್ದೇನೆ.

ಮೊದಲು ಬಾಗಿಲಿನ ವಿಷಯ. ಎರಡು ವರ್ಷದ ಹಿಂದೆ ತಮಗೆ ಅನುದಾನ ಬಂದು, ಅದರಲ್ಲಿ ಹದಿನಾಲ್ಕು ಅಡಿ ಉದ್ದದ, ಐದಡಿ ಅಗಲದ ಒಂದು ಕಿತ್ತಳೆ ಬಣ್ಣದ ದೋಣಿ ಬಂದಿತು. ಆಗಿನ್ನೂ ಸಭಾಂಗಣದ ಮುಂದಿನ ಗೋಡೆ ಎದ್ದಿರಲಿಲ್ಲವಾದ್ದರಿಂದ ದೋಣಿಯನ್ನು ಸರಾಗವಾಗಿ ಒಳಗೆ ತಂದು ಇಡಲಾಯಿತು. ಆಮೇಲೆ ಗೋಡೆ ಎದ್ದಿತು. ಆಮೇಲೆ ಬಾಗಿಲು ಕೂರಿಸಲು ನನ್ನನ್ನು ಕರೆಸಿದಿರಿ. ನಾನು ಟೇಪು ಹಿಡಿದು ಬಾಗಿಲನ್ನು ಅಳೆದು, ಬಡಗಿಯ ಚಪಲ ತಡೆಯಲಾರದೆ ದೋಣಿಯನ್ನೂ ಅಳೆದು, "ಸರ್, ಬಾಗಿಲು ಮೂರಡಿ ಇದೆ. ದೋಣಿ ಐದಡಿ" ಎಂದು ಅರಿಕೆ ಮಾಡಿಕೊಂಡೆ. ತಾವು ನನ್ನ ಹೆಗಲ ಮೇಲೆ ಕೈಯಿಟ್ಟು, "ನಕ್ಷೆಯಲ್ಲಿ ಮೂರೇ ಇರೋದು. ನೀನು ಬಾಗಿಲು ಕೂರಿಸಪ್ಪ, ದೋಣಿ ಯೋಚನೆ ನಮಗಿರಲಿ" ಎಂದಿರಿ. ಅಷ್ಟು ದೊಡ್ಡವರು ಯೋಚನೆಯ ಹೊಣೆ ಹೊತ್ತ ಮೇಲೆ ನನ್ನಂಥವನಿಗೆ ಉಳಿದಿದ್ದು ಕೆಲಸ ಮಾತ್ರ. ಮಾಡಿದೆ. ಗಟ್ಟಿಯಾಗಿ ಮಾಡಿದೆ. ಚೌಕಟ್ಟನ್ನು ಎಂಟು ಕಡೆ ಗೋಡೆಗೆ ಕಚ್ಚಿಸಿದೆ. ಈ ಮಾತನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಅನಂತರ ತಾವು ಸ್ವಯಂಸೇವಕರ ತರಬೇತಿ ಆರಂಭಿಸಿದಿರಿ. ನಾನೂ ಸೇರಿದೆ. ಸೇರಲು ಕಾರಣ ನನ್ನ ಅಕ್ಕ. ಅಕ್ಕನ ಮನೆ ಹೊಳೆಯ ಪಕ್ಕದ ತಗ್ಗಿನ ಓಣಿಯಲ್ಲಿದೆ. ಸೊಂಟದ ಮೂಳೆ ಮುರಿದು, ಆಸ್ಪತ್ರೆಯವರು ಕಂಬಿ ಹಾಕಿ ಕಳುಹಿಸಿದ ಮೇಲೆ ಆಕೆ ಮಂಚದಿಂದ ಕಿಟಕಿಯವರೆಗೆ ನಡೆಯುವುದೇ ದೊಡ್ಡ ಪ್ರಯಾಣ. ಓಣಿಗೆ ನೀರು ನುಗ್ಗಿದರೆ ಹೊತ್ತುಕೊಂಡು ಬರಲು ಒಬ್ಬನಾದರೂ ಕಲಿತವನು ಇರಲಿ ಎಂದುಕೊಂಡೆ.

ತರಬೇತಿಯ ಗುಣಮಟ್ಟವನ್ನು ಎಷ್ಟು ಹೊಗಳಿದರೂ ಸಾಲದು. ದೋಣಿ ಹೊರಗೆ ಬರುವಂತಿಲ್ಲವಾದ್ದರಿಂದ ನೀರೇ ಬೇಡವೆಂದು ತೀರ್ಮಾನವಾಯಿತು. ನಾವು ಹನ್ನೊಂದು ಮಂದಿ, ಫ್ಯಾನಿನ ಕೆಳಗೆ, ನುಣುಪಾದ ನೆಲದ ಮೇಲೆ ನಿಂತ ದೋಣಿಯಲ್ಲಿ ಸರದಿಯಂತೆ ಕುಳಿತು ಆರು ವಾರ ಗಾಳಿಯಲ್ಲಿ ಹುಟ್ಟು ಹಾಕಿದೆವು. ಒಂದು ಬೆರಳಿನಷ್ಟೂ ಮುಂದೆ ಹೋಗದೆ ಅಷ್ಟು ಬೆವರು ಸುರಿಸಿದ ದಳ ಇನ್ನೊಂದು ಇರಲಾರದು. ತರಬೇತಿ ಮೇಡಂ ಬಹಳ ಒಳ್ಳೆಯವರು, ನಿಜವಾಗಿ ಈಜು ಬಲ್ಲವರು. ಒಂದು ಸಲವಾದರೂ ಹೊಳೆಗೆ ಕರೆದೊಯ್ಯುತ್ತೇನೆಂದು ತಮಗೆ ನಾಲ್ಕು ಸಲ ಬರೆದವರು. ದೋಣಿ ತಿರುಗಿಸುವ ಪಾಠವನ್ನು ಮಾತ್ರ ಅವರು ಬಿಟ್ಟರು. ಹುಟ್ಟು ಗೋಡೆಗೆ ತಗಲುತ್ತಿತ್ತು.

ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಸಭಾಂಗಣದಲ್ಲಿ ನಮಗೆ ಪ್ರಾಯೋಗಿಕ ಪರೀಕ್ಷೆ. ಮೂರು ದಿನದಿಂದ ಮಳೆ ಹಿಡಿದಿತ್ತು. ಹತ್ತೂವರೆಗೆ ಹೊಳೆಯ ಕಟ್ಟೆ ಒಡೆಯಿತೆಂಬ ಸುದ್ದಿ ಬಂತು. ಮೇಡಂ ಸೇತುವೆಯ ಆಚೆ ಸಿಕ್ಕಿಕೊಂಡರು. ತಾವು ಊರಲ್ಲಿರಲಿಲ್ಲ. ನಾನು ಕಚೇರಿಯ ಬೀಗ ಕಾಯುವ, ನಾವೆಲ್ಲ ಚಾವಿ ಮಾಮ ಎಂದು ಕರೆಯುವ ಹಿರಿಯರ ಫೋನಿನಿಂದ ತಮಗೆ ಕರೆ ಮಾಡಿದೆ. ತಾವು ದೊಡ್ಡ ಮನಸ್ಸು ಮಾಡಿ ಎತ್ತಿಕೊಂಡು, ಪಿಸುಮಾತಿನಲ್ಲಿ, "ನಾನು ವೇದಿಕೆ ಮೇಲಿದೀನಿ. ಏನಿದ್ದರೂ ಲಿಖಿತವಾಗಿ ಕೊಡಿ" ಎಂದು ಇಟ್ಟುಬಿಟ್ಟಿರಿ. ಅಲ್ಲಿ ತಮ್ಮ ಭಾಷಣದ ವಿಷಯ 'ವಿಪತ್ತಿನ ಮೊದಲ ಹತ್ತು ನಿಮಿಷಗಳ ಮಹತ್ವ' ಎಂದು ಮರುದಿನದ ಪತ್ರಿಕೆಯಿಂದ ತಿಳಿದು ರೋಮಾಂಚನವಾಯಿತು.

ಚಾವಿ ಮಾಮ ಬೀಗ ತೆಗೆದರು. ಬಾಗಿಲು ತೆರೆಯಿತು. ನಾವು ದೋಣಿಯನ್ನು ನೋಡಿದೆವು, ಬಾಗಿಲನ್ನು ನೋಡಿದೆವು. ಅಡ್ಡ ಮಲಗಿಸಿದೆವು, ಓರೆ ಮಾಡಿದೆವು, ಆಳವೂ ಮೂರಡಿ ಮೀರಿದ್ದರಿಂದ ಮೂತಿ ಮಾತ್ರ ಹೊರಗೆ ಬಂತು. ಮಾಮ ನನ್ನ ಮುಖ ನೋಡಿ, "ಬೀಗ ತೆಗೆಯೋಕೆ ಚಾವಿ ಇದೆ ಕಣಪ್ಪಾ. ಬಾಗಿಲು ಅಗಲ ಮಾಡೋಕೆ ಇಲ್ಲ" ಎಂದರು. ನಾನು ಓಡಿಹೋಗಿ ಅಂಗಡಿಯಿಂದ ಹಾರೆ, ಗರಗಸ, ದೊಡ್ಡ ಸುತ್ತಿಗೆ ತಂದೆ.

ನೋಟಿಸಿನಲ್ಲಿ 'ಉದ್ದೇಶಪೂರ್ವಕವಾಗಿ ಒಡೆದಿರುತ್ತೀರಿ' ಎಂದು ಬರೆದಿದ್ದೀರಿ. ಹೌದು ಮಾನ್ಯರೇ, ಅದಕ್ಕಿಂತ ಉದ್ದೇಶವಿಟ್ಟುಕೊಂಡು ನಾನು ಜೀವಮಾನದಲ್ಲಿ ಏನನ್ನೂ ಒಡೆದಿಲ್ಲ. ಆದರೆ ಅದು ಬೇಗ ಒಡೆಯಲಿಲ್ಲ. ಎಂಟು ಕಡೆ ಕಚ್ಚಿಸಿದ್ದೆನಲ್ಲ. ಒಂದೊಂದು ಕಡೆ ಬಿಡಿಸುವಾಗಲೂ, ಈ ಕೆಲಸವನ್ನು ಮೈಗಳ್ಳನೊಬ್ಬ ಮಾಡಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ನನ್ನ ಕೈಕೆಲಸದ ಮೇಲೆ ನನಗೇ ಹೊಟ್ಟೆ ಉರಿದದ್ದು ಅದೇ ಮೊದಲು. ಚೌಕಟ್ಟು ಕಿತ್ತು, ಎರಡೂ ಪಕ್ಕದ ಇಟ್ಟಿಗೆ ಕೆಡವಿ, ಎಂಟು ಜನ ದೋಣಿ ಹೊತ್ತು ಹೊರಬರುವ ಹೊತ್ತಿಗೆ ಇಪ್ಪತ್ತೈದು ನಿಮಿಷ ಆಗಿತ್ತು.

ಹತ್ತುವವರಿಗೆ ಜಾಗ ಉಳಿಯಲೆಂದು ದೋಣಿಯಲ್ಲಿ ನಾನೂ ಚಾವಿ ಮಾಮನೂ ಮಾತ್ರ ಕುಳಿತೆವು. ವಯಸ್ಸು ಮೀರಿದೆಯೆಂದು ತಾವು ಮಾಮನನ್ನು ತರಬೇತಿಗೆ ಸೇರಿಸಿರಲಿಲ್ಲ. ಆದರೆ ಆರು ವಾರ ನಮಗೆ ಚಹಾ ಹಂಚುತ್ತ ಪಾಠವೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ನೀರಿಗಿಳಿದ ಮೇಲೆ ನಮಗೆ ಗೊತ್ತಾದ ಮೊದಲ ಸಂಗತಿಯೆಂದರೆ ನೀರು ಹುಟ್ಟನ್ನು ತಿರುಗಿ ತಳ್ಳುತ್ತದೆ. ಸಭಾಂಗಣದ ಗಾಳಿ ಈ ಉದ್ಧಟತನ ತೋರಿಸಿರಲಿಲ್ಲ. ದೋಣಿ ಎರಡು ಸುತ್ತು ಗಿರಗಿರನೆ ತಿರುಗಿ, ಒಂದು ದೀಪದ ಕಂಬಕ್ಕೆ ಬಡಿದು ನಿಂತಿತು. ನಾನು ಹುಟ್ಟು ಬಿಟ್ಟು ಕಂಬ ತಬ್ಬಿಕೊಂಡೆ. ಮಾಮ ಮಾತ್ರ ಮೇಡಂ ದನಿಯಲ್ಲೇ, "ಇಬ್ಬರೂ ಒಟ್ಟಿಗೆ, ಮೈ ಹಿಂದಕ್ಕೆ, ಎಳಿ. ಮೈ ಹಿಂದಕ್ಕೆ, ಎಳಿ" ಎಂದು ಹೇಳುತ್ತಲೇ ಹೋದರು. ಅದು ನನಗೆ ಹೇಳಿದ್ದೋ ತಮಗೆ ತಾವೇ ಹೇಳಿಕೊಂಡದ್ದೋ ಗೊತ್ತಾಗಲಿಲ್ಲ. ದೋಣಿ ನೆಟ್ಟಗಾಯಿತು.

ಅಕ್ಕನ ಮನೆಯಲ್ಲಿ ನೀರು ಮಂಚದ ಮಟ್ಟಕ್ಕೆ ಬಂದಿತ್ತು. ಆಕೆ ಮಂಚದ ಮೇಲೆ ಪೆಟ್ಟಿಗೆ ಇಟ್ಟು, ಪೆಟ್ಟಿಗೆಯ ಮೇಲೆ ಕುಳಿತು, ಕೋಲಿನಿಂದ ತೇಲುವ ಪಾತ್ರೆಗಳನ್ನು ದೂರ ತಳ್ಳುತ್ತಿದ್ದಳು. ಕಿಟಕಿಯ ಹತ್ತಿರ ದೋಣಿ ಕಂಡು, ನನ್ನನ್ನು ಕಂಡು, ಮೊದಲು ಕೇಳಿದ್ದು, "ಇದನ್ನ ನಡೆಸೋಕೆ ಕಲ್ತಿದೀಯೇನೋ?"

"ಕಲ್ತಿದೀನಿ ಅಕ್ಕ."

"ಎಲ್ಲಿ?"

"ನೆಲದ ಮೇಲೆ."

ಆಕೆ ಒಂದು ಗಳಿಗೆ ನೀರು ನೋಡಿದಳು, ಒಂದು ಗಳಿಗೆ ನನ್ನನ್ನು ನೋಡಿದಳು. "ಸರಿ, ಇರೋದ್ರಲ್ಲಿ ನೀನೇ ವಾಸಿ" ಎಂದು ಕೈ ಚಾಚಿದಳು. ದೋಣಿಯನ್ನು ಬಾಗಿಲಿಗೆ ತಂದು ಆಕೆಯನ್ನು ಎತ್ತಿ ಕೂರಿಸುವಾಗ ನೋವಿಗೆ ನನ್ನ ಭುಜ ಕಚ್ಚಿದಳು. ಗುರುತು ಇನ್ನೂ ಇದೆ, ದಾಖಲೆಗಾಗಿ ತೋರಿಸಬಲ್ಲೆ.

ಮೂರು ಸುತ್ತಿನಲ್ಲಿ ಹತ್ತೊಂಬತ್ತು ಜನರನ್ನು ತಂದೆವು. ಓಣಿಯ ಕೊನೆಯ ಮನೆ, ಗಡಿಯಾರ ರಿಪೇರಿ ಮಾಡುವ ಅಜ್ಜನದು. ಅಲ್ಲಿಗೆ ಮುಟ್ಟಿದ್ದು ಮೂರನೆಯ ಸುತ್ತಿನಲ್ಲಿ. ಅಜ್ಜ ಹೊರಗೆ, ಎದೆಮಟ್ಟದ ನೀರಿನಲ್ಲಿ, ಕಿಟಕಿಯ ಸರಳು ಹಿಡಿದು ನಿಂತಿದ್ದರು. "ಬಿಡಿ ಅಜ್ಜ, ಬಂದ್ವಿ" ಎಂದರೆ, "ಬಿಡೋಕೆ ಬರ್ತಿಲ್ಲಪ್ಪ" ಎಂದರು. ಬೆರಳುಗಳು ಸೆಟೆದುಕೊಂಡುಬಿಟ್ಟಿದ್ದವು. ಮಾಮ ದೋಣಿ ಹಿಡಿದುಕೊಂಡರು, ನಾನು ನೀರಿಗಿಳಿದು ಒಂದೊಂದೇ ಬೆರಳು ಬಿಡಿಸಿದೆ. ಬಾಗಿಲಿನ ಎಂಟು ಕಡೆಯೂ ಹತ್ತು ಬೆರಳೂ ಒಂದೇ ದಿನ ಬಿಡಿಸಿದ ಕೈ ಇದು, ಮಾನ್ಯರೇ. ಎರಡರಲ್ಲಿ ಯಾವುದು ಕಷ್ಟವೆಂದು ಕೇಳಬೇಡಿ. ಆಮೇಲೆ ದಡದ ಮೇಲೆ ಕಂಬಳಿ ಹೊದ್ದು ಕುಳಿತ ಅಜ್ಜ, "ಒಂದೂವರೆ ಗಂಟೆಗೆ ಸ್ವಲ್ಪ ಕಮ್ಮಿ ನಿಂತಿದ್ದೆ" ಎಂದರು. ಗಡಿಯಾರದವರು, ಲೆಕ್ಕ ತಪ್ಪುವುದಿಲ್ಲ. ನಾನು ಗೋಡೆಯ ಹತ್ತಿರ ಕಳೆದ ಹೊತ್ತು ಅದರಲ್ಲೇ ಇತ್ತು. ಅವರು ಬದುಕಿದರು. ಇಕ್ಕಳ ಹಿಡಿಯಲು ಮಾತ್ರ ಬೆರಳು ಇನ್ನೂ ಬಗ್ಗುತ್ತಿಲ್ಲ. ನಾನು ದಿನಾ ಸಂಜೆ ಹೋಗಿ ಕುಳಿತು ಬರುತ್ತೇನೆ. ಬಾಗಿಲು ಕೂರಿಸಿದವನು ನಾನೇ ಎಂದು ಅವರಿಗೆ ಹೇಳಲು ಮೂರು ಸಂಜೆ ಬೇಕಾಯಿತು. ಅವರು, "ಅಳತೆ ಕೊಟ್ಟವರು ಯಾರು?" ಎಂದು ಮಾತ್ರ ಕೇಳಿದರು.

ಈಗ ತಮ್ಮ ಉಪಕಾರಗಳ ಸ್ಮರಣೆ. ಪರೀಕ್ಷಾ ಕೊಠಡಿಯಿಂದ ಅನುಮತಿಯಿಲ್ಲದೆ, ಪರೀಕ್ಷಾ ಸಾಮಗ್ರಿಯಾದ ದೋಣಿ ಸಮೇತ ಹೊರನಡೆದ ಕಾರಣಕ್ಕೆ ತಾವು ನನ್ನನ್ನು ಅನುತ್ತೀರ್ಣಗೊಳಿಸಿದ್ದೀರಿ. ನ್ಯಾಯವೇ. ದಡದಲ್ಲೇ ನಿಂತು ಜನರನ್ನು ಇಳಿಸಿಕೊಂಡ ಉಳಿದ ಹತ್ತು ಮಂದಿಯೂ ಅನುತ್ತೀರ್ಣರು. ತ್ವರಿತ ಸ್ಪಂದನೆಗಾಗಿ ತಮಗೆ ಪ್ರಶಂಸಾಪತ್ರ ಬಂದಿದೆ. ಅದರ ಚಿತ್ರದಲ್ಲಿ ತಮ್ಮ ಹಿಂದೆ ನಮ್ಮ ದೋಣಿ ಕಾಣುವುದರಿಂದ ನಾವೂ ಉತ್ತೀರ್ಣರಾದಷ್ಟೇ ಸಂತೋಷವಾಗಿದೆ.

ಆದ್ದರಿಂದ ನನ್ನ ಅರ್ಜಿಯಲ್ಲಿ ಕೆಲವೇ ವಿನಂತಿಗಳು. ಮುಂದಿನ ಪ್ರವಾಹವನ್ನು ದಯಮಾಡಿ ಸಭಾಂಗಣದ ಒಳಗೇ ಏರ್ಪಡಿಸಬೇಕು. ತರಬೇತಿ ಪಡೆದವರೂ ದೋಣಿಯೂ ಅಲ್ಲೇ ಇರುವುದರಿಂದ ಎಲ್ಲರಿಗೂ ಅನುಕೂಲ. ಅದಾಗದಿದ್ದರೆ ಹೊಳೆಗೆ ಹದಿನೈದು ದಿನ ಮುಂಚೆ ಲಿಖಿತ ಸೂಚನೆ ಕೊಟ್ಟು, ಕಟ್ಟೆಯನ್ನು ಕಚೇರಿ ವೇಳೆಯಲ್ಲಿ, ತಾವು ವೇದಿಕೆಯ ಮೇಲಿಲ್ಲದ ದಿನ ಒಡೆಯತಕ್ಕದ್ದೆಂದು ಆದೇಶಿಸಬೇಕು. ತಗ್ಗಿನ ಓಣಿಯವರು ಮುಳುಗುವ ಮುನ್ನ ನಿಗದಿತ ನಮೂನೆಯಲ್ಲಿ ಅರ್ಜಿ ಹಾಕುವಂತೆ ಮಾಡಿದರೆ ಇನ್ನೂ ಒಳ್ಳೆಯದು. ನಮೂನೆ ನೀರಲ್ಲಿ ತೇಲುವಂತಿರಲಿ.

ಕೊನೆಯದಾಗಿ, ನೋಟಿಸಿನಲ್ಲಿ ಬಾಗಿಲನ್ನು ನನ್ನ ಕೈಯಿಂದಲೇ 'ಮೊದಲಿನಂತೆಯೇ' ಕೂರಿಸಿಕೊಡಬೇಕೆಂದು ಅಪ್ಪಣೆ ಮಾಡಿದ್ದೀರಿ. ದೋಣಿಯನ್ನು ತೊಳೆದು, ಒರೆಸಿ, ಒಡೆದ ಗೋಡೆಯ ಮೂಲಕ ಒಳಗೆ ತಂದು ಇಡಲಾಗಿದೆ. ಬಾಗಿಲು ಯಾವಾಗ ಕೂರಿಸಲಿ ಎಂದು ಕೇಳಲು ಎರಡು ಸಲ ಬಂದೆ. ತಾವು ಮತ್ತೊಂದು ವೇದಿಕೆಗೆ ಹೋಗಿದ್ದಿರಿ. ಕೆಲಸ ನಿಲ್ಲಬಾರದೆಂದು ನಿನ್ನೆ ಕೂರಿಸಿಬಿಟ್ಟೆ. ಮೇಡಂ ಟೇಪಿನ ಆ ತುದಿ ಹಿಡಿದರು, ಅಕ್ಕ ಕುರ್ಚಿಯಲ್ಲಿ ಕುಳಿತು ಮೇಲ್ವಿಚಾರಣೆ ಮಾಡಿದಳು. ಅಳತೆಯಲ್ಲಿ ಸ್ವಲ್ಪ ವ್ಯತ್ಯಾಸವಾಗಿದೆ. ಮೂರಡಿಯ ಒಂದು ಬಾಗಿಲು ಎಂದಿತ್ತು. ನನಗೆ ಎರಡು ಎಂದು ಕಂಡಿತು. ಎರಡೂ ನಡುವೆ ಕಂಬವಿಲ್ಲದೆ ಅಕ್ಕಪಕ್ಕ ನಿಂತಿವೆ, ಎರಡೂ ಹೊರಕ್ಕೆ ತೆರೆಯುತ್ತವೆ. ಈ ಕಣ್ಣಿನ ದೋಷಕ್ಕೆ ತಾವು ಯಾವ ಶಿಕ್ಷೆ ಕೊಟ್ಟರೂ ನಾನು ತಲೆಬಾಗಿ, ಆದರೆ ಸುತ್ತಿಗೆ ಕೆಳಗಿಡದೆ ಸ್ವೀಕರಿಸುತ್ತೇನೆ.

ಇಂತು ತಮ್ಮ ವಿಶ್ವಾಸಿ, ಸದ್ಯಕ್ಕೆ ತಮ್ಮ ಆರೋಪಿ,
ಹಿಂದಿನ ಬೀದಿಯ ಬಡಗಿ

ಮರೆತ ಮಾತು: ಬರುವ ಭಾನುವಾರ ಬೆಳಿಗ್ಗೆ ಮೇಡಂ ನಮ್ಮನ್ನು ಹೊಳೆಗೆ ಕರೆದೊಯ್ದು ದೋಣಿ ತಿರುಗಿಸುವುದನ್ನು ಕಲಿಸುತ್ತಾರೆ. ತಾವೂ ಧಾರಾಳವಾಗಿ ಬರಬಹುದು. ಈಜು ಬಾರದವರನ್ನು ನಡುವೆ ಕೂರಿಸುತ್ತೇವೆ. ದೋಣಿ ಹತ್ತುವಾಗ ಯಾರ ಹುದ್ದೆಯನ್ನೂ ಕೇಳುವುದಿಲ್ಲ. ತೂಕ ಕೇಳುತ್ತೇವೆ, ಅದನ್ನು ಮಾತ್ರ ನಿಜ ಹೇಳಬೇಕು.