ಮಾತಾಡುವ ಬಾಗಿಲು, ಎದ್ದು ನಿಲ್ಲುವ ಅತ್ತೆ

ನಮ್ಮ ಮನೆಯಲ್ಲಿ ಯಾವ ಕೆಲಸವೂ ನೆಟ್ಟಗೆ ಮುಗಿದದ್ದಿಲ್ಲ. ಮಿಕ್ಸರ್ ತಂದರೆ ಒಂದು ಕಥೆ, ನೀರಿನ ಫಿಲ್ಟರ್ ಹಾಕಿಸಿದರೆ ಇನ್ನೊಂದು ಕಥೆ. ಯಂತ್ರಗಳು ಹೇಗೋ ಮಾತು ಕೇಳುತ್ತವೆ, ನನ್ನ ಅತ್ತೆ ಕೇಳುವುದಿಲ್ಲ. ಅವರು ಕೇಳುವುದಿಲ್ಲ ಅಂತ ನಾನೂ ಬಿಡುವುದಿಲ್ಲ. ಹೀಗಾಗಿ ಬೀದರಿನ ಮಗ್ಗುಲ ಚಿದ್ರಿಯ ನಮ್ಮ ಓಣಿಯವರಿಗೆ ಮನರಂಜನೆಯ ಕೊರತೆ ಎಂದೂ ಆಗಿಲ್ಲ.

ಈ ಸಲದ್ದು ಶುರುವಾಗಿದ್ದು ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಾಗ. ಪ್ಲಾಸ್ಟರ್ ಹಾಕಿದ ಡಾಕ್ಟರು, "ಇದನ್ನು ಬಿಚ್ಚುವವರೆಗೆ ಈ ಕಾಲು ನೆಲಕ್ಕೆ ಊರಿದರೆ ಆಪರೇಷನ್ನೇ ಗತಿ" ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದರು. ನಾನು ಭಾಲ್ಕಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಗಣಿತ ಟೀಚರು. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆಗೆ. ಯಜಮಾನರದು ಬೀದರಿನ ಪೇಟೆಯಲ್ಲಿ ಬೀಜದ ಅಂಗಡಿ. ಹಗಲು ಪಕ್ಕದ ಮನೆಯ ಅಕ್ಕ ಬಂದು ಊಟ, ಔಷಧಿ ನೋಡಿಕೊಂಡು, ಹೋಗುವಾಗ ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಚಿಲಕ ಹಾಕುತ್ತಿರಲಿಲ್ಲ. ಬಂದವರು ತಳ್ಳಿಕೊಂಡು ಒಳಗೆ ಬರಬಹುದಿತ್ತು.

ಆದರೆ ಅತ್ತೆಯ ಕಾನೂನೇ ಬೇರೆ. ಬಾಗಿಲಿಗೆ ಯಾರೇ ಬರಲಿ, ಮನೆಯವರು ಎದ್ದು ಹೋಗಿ, ಹೊಸ್ತಿಲಲ್ಲಿ ನಿಂತು, "ಶರಣ್ರಿ, ಒಳಗ ಬರ್ರಿ" ಎಂದು ಕರೆಯಬೇಕು. "ತಾವೇ ತಳ್ಕೊಂಡು ಬರಾಕ ಬಂದವರೇನು ಬೆಕ್ಕೇನು?" ಎನ್ನುತ್ತಿದ್ದರು. ಪ್ಲಾಸ್ಟರ್ ಹಾಕಿದ ಮರುದಿನವೇ ಯಾರದೋ ಮನೆ ಕೇಳಲು ಬಂದ ಅಪರಿಚಿತನನ್ನು, ಗೋಡೆ ಹಿಡಿದು ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಹೋಗಿ ಬರಮಾಡಿಕೊಂಡಿದ್ದರು. ಅವನು ಹೆದರಿ ಮನೆ ಕೇಳುವುದನ್ನೇ ಮರೆತು ಹೋದನಂತೆ.

ಮದುವೆಯಾಗಿ ಬಂದ ನನ್ನನ್ನು ಬಿ.ಎಡ್.ಗೆ ಕಳಿಸಿ, ನನ್ನ ಪಾಲಿನ ರೊಟ್ಟಿಯನ್ನೂ ತಾವೇ ಬಡಿದ ಹೆಂಗಸು ಅವರು. ಆ ಕಾಲು ಕೆಡಲು ನಾನು ಬಿಡುವವಳಲ್ಲ. ಬಾಗಿಲಿಗೆ ಕ್ಯಾಮೆರಾ ಇರುವ ಗಂಟೆ ಹಾಕಿ, ಅದನ್ನು ಮನೆಯ ಮಾತಾಡುವ ಸ್ಪೀಕರುಗಳಿಗೆ ಜೋಡಿಸಿ, ಅತ್ತೆ ಮಲಗಿದಲ್ಲಿಂದಲೇ ಬಂದವರನ್ನು ಮಾತಾಡಿಸುವಂತೆ ಮಾಡುತ್ತೇನೆ ಎಂದು ಹಟ ತೊಟ್ಟೆ.

ಒಂದು: ದಾಯಾದಿಗಳು

ಗಂಟೆ ಒಂದು ಕಂಪನಿಯದು, ಸ್ಪೀಕರ್ ಇನ್ನೊಂದು ಕಂಪನಿಯದು. ಎರಡಕ್ಕೂ ಬೇರೆ ಬೇರೆ ಆ್ಯಪು, ಬೇರೆ ಬೇರೆ ಪಾಸ್‌ವರ್ಡು. ಇದರೊಳಗೆ ಹೋಗಿ ಅದಕ್ಕೆ ಒಪ್ಪಿಗೆ ಕೊಡಬೇಕು, ಅದರೊಳಗೆ ಹೋಗಿ ಇದನ್ನು ಹುಡುಕಬೇಕು. ಹೊಲದ ಬದುವಿಗೆ ಜಗಳಾಡಿದ ದಾಯಾದಿಗಳ ಹಾಗೆ ಒಂದು 'ಬಾ' ಎಂದರೆ ಇನ್ನೊಂದು 'ನಾನು ನಿನ್ನನ್ನು ನೋಡೇ ಇಲ್ಲ' ಎನ್ನುತ್ತಿತ್ತು. ಸಾಲದ್ದಕ್ಕೆ ನಮ್ಮದು ಹಳೆಯ ಮನೆ, ಕೆಂಪು ಕಲ್ಲಿನ ದಪ್ಪ ಗೋಡೆ. ಪಡಸಾಲೆಯ ವೈಫೈ ಅತ್ತೆಯ ಕೋಣೆ ಮುಟ್ಟುವ ಹೊತ್ತಿಗೆ ಸೊರಗಿ ಹೋಗುತ್ತಿತ್ತು.

ಯಜಮಾನರು ನೋಡಿ ನೋಡಿ ಹೇಳಿದರು, "ಸಾಕು ಬಿಡು ಮಾರಾಯ್ತಿ. ಯಾರರೇ ಮಿಸ್ತ್ರಿನ ಕರಸೋಣು."

"ಮಿಸ್ತ್ರಿ ಬಿಲ್ಕುಲ್ ಬ್ಯಾಡ್ರಿ. ಎಂಟನೇ ಕ್ಲಾಸಿನ ಹುಡುಗ್ಯಾರಿಗೆ ಬೀಜಗಣಿತ ತಲಿಗೆ ಹೊಗಿಸೀನಿ. ಈ ಡಬ್ಬಿ ಅವರಗಿಂತ ಮೊಂಡೇನು?"

ವೈಫೈ ಪೆಟ್ಟಿಗೆಯನ್ನು ನಡುಮನೆಯ ಗೂಡಿಗೆ ಒಯ್ದು ಕೂರಿಸಿದೆ. ಎರಡೂ ಆ್ಯಪನ್ನು ಅಳಿಸಿ ಮೊದಲಿನಿಂದ ಹಾಕಿದೆ. ಕೊನೆಗೊಂದು ಸಂಜೆ ಯಜಮಾನರು ಹೊರಗೆ ಹೋಗಿ ಗಂಟೆ ಒತ್ತಿದರು. ಅಡುಗೆಮನೆ, ಪಡಸಾಲೆ, ಅತ್ತೆಯ ಕೋಣೆ, ಮೂರೂ ಕಡೆಯ ಸ್ಪೀಕರುಗಳು ಒಂದೇ ದನಿಯಲ್ಲಿ ಇಂಗ್ಲಿಷಿನಲ್ಲಿ ಹೇಳಿದವು: ಬಾಗಿಲ ಬಳಿ ಯಾರೋ ಬಂದಿದ್ದಾರೆ! ನಾನು ಕುಣಿಯುವುದೊಂದು ಬಾಕಿ.

ಅತ್ತೆ ಅರ್ಥ ಕೇಳಿ ತಿಳಿದುಕೊಂಡರು. ಆಮೇಲೆ, "ಯಾರೋ ಅಂದ್ರ ಯಾರು?" ಎಂದರು.

"ಅದು ಗೊತ್ತಿಲ್ರಿ ಅತ್ತಿ. ಯಾರೋ ಬಂದಾರ ಅಂತಷ್ಟೇ ಹೇಳ್ತದ."

"ಯಾರೋ ಬಂದಾರ ಅನ್ನೋದು ಬಾಗಲ ಬಡದ್ರ ನನಗೂ ತಿಳೀತದ. ಯಾರು, ಯಾವೂರು, ಯಾರ ಪೈಕಿ? ಅದು ಹೇಳ್ಬೇಕಲ್ಲ?" ಎಂದವರೇ ಪ್ಲಾಸ್ಟರ್ ಕಾಲನ್ನು ಎರಡೂ ಕೈಯಿಂದ ಎತ್ತಿ ಮಂಚದಿಂದ ಕೆಳಗಿಳಿಸಿದರು.

"ಎಲ್ಲಿಗ್ರಿ?"

"ಯಾರು ಬಂದಾರ ನೋಡ್ಬೇಕಲ್ಲ!"

ಹೊರಗೆ ನಿಂತಿದ್ದದ್ದು ಅವರ ಮಗನೇ.

ಎರಡು: ಮುಖ ಕಂಡ ಮೇಲೆ

ಸರಿ, ಮುಖ ಕಾಣಬೇಕು ತಾನೆ? ಪರದೆ ಇರುವ ಸ್ಪೀಕರನ್ನೇ ತಂದು ಅತ್ತೆಯ ಮಂಚದೆದುರಿನ ಮೇಜಿನ ಮೇಲಿಟ್ಟೆ. ಮತ್ತೆ ಆ ಆ್ಯಪು, ಈ ಆ್ಯಪು. ಈ ಸಲ ದಾಯಾದಿಗಳು ಬೇಗ ಒಂದಾದರು. ಗಂಟೆ ಬಾರಿಸಿದರೆ ಬಂದವರ ಮುಖ ಪರದೆಯಲ್ಲಿ ಮೂಡುತ್ತದೆ, ಮಲಗಿಕೊಂಡೇ ಮಾತಾಡಬಹುದು. ನನ್ನ ಫೋನಿಗೂ ಅದೇ ಚಿತ್ರ ಬರುತ್ತದೆ. ನಾನು ನಿಶ್ಚಿಂತೆಯಿಂದ ಭಾಲ್ಕಿಗೆ ಹೋದೆ.

ಸಂಜೆ ಪಕ್ಕದ ಮನೆಯ ಅಕ್ಕ ದಾರಿಯಲ್ಲೇ ತಡೆದು ನಿಲ್ಲಿಸಿದರು. "ಟೀಚರ್, ನಿಮ್ಮತ್ತಿ ಇವತ್ತ ಎಷ್ಟು ಸಲ ಎದ್ದು ನಿಂತಾರಂತ ಕೇಳ್ರಿ."

"ಬಾಗಲಿಗೆ ಹೋದ್ರೇನ್ರಿ?"

"ಬಾಗಲಿಗೆ ಹೋಗಿಲ್ಲ. ಟಿವಿ ಮುಂದೇ ನಿಲ್ತಾರ!"

ವಿಷಯ ಇಷ್ಟೇ. ಮೊದಲು ಬಂದವರ ಮುಖ ಕಾಣುತ್ತಿರಲಿಲ್ಲ, ಬಾಗಿಲಿಗೆ ಹೋದಾಗ ಮಾತ್ರ ಮರ್ಯಾದೆ ಕೊಡಬೇಕಿತ್ತು. ಈಗ ಬಂದವರು ನೇರ ಮಂಚದೆದುರಿಗೇ ಬಂದು ನಿಲ್ಲುತ್ತಿದ್ದರು. ನಿಂತವರ ಎದುರಿಗೆ ಮಲಗಿಕೊಂಡು ಮಾತಾಡುವುದು ಹೇಗೆ? ಅತ್ತೆ ತಲೆ ಮೇಲೆ ಸೆರಗು ಹೊದ್ದು, ಮಂಚದ ಕಂಬ ಹಿಡಿದು, ಒಂಟಿ ಕಾಲಲ್ಲಿ ಎದ್ದು ನಿಂತು ಪರದೆಗೆ ಕೈಮುಗಿಯುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವನಿಗೂ ಈ ಗೌರವ ಸಿಕ್ಕಿತ್ತು.

"ಅವರಿಗೆ ನೀವು ಕಾಣಂಗಿಲ್ರಿ ಅತ್ತಿ!" ಎಂದು ನಾನು ತಲೆ ಚಚ್ಚಿಕೊಂಡೆ.

"ಅವರಿಗೆ ಕಾಣಂಗಿಲ್ಲ ಖರೇ. ನನಗ ಕಾಣ್ತದಲ್ಲ."

ನಾನು ಕಾಗದದ ಮೇಲೆ ಮಂಚ, ಗೋಡೆ, ಕಣ್ಣಿನ ಎತ್ತರ ಎಲ್ಲ ಬರೆದು ತ್ರಿಕೋನ ಹಾಕಿದೆ. ಪರದೆಯನ್ನು ಮೇಜಿನಿಂದ ತೆಗೆದು, ಮಂಚದ ಪಕ್ಕದ ತಗ್ಗಿನ ಗೂಡಿನೊಳಗೆ ಓರೆಯಾಗಿ ಕೂರಿಸಿದೆ. ಮಲಗಿದರೆ ಮುಖ ಸ್ಪಷ್ಟ. ಎದ್ದು ನಿಂತರೆ ಕಾಣುವುದು ಗೂಡಿನ ಕಲ್ಲು ಮಾತ್ರ.

ಮರುದಿನ ಅತ್ತೆ ಎದ್ದರು, ಮುಖ ಮಾಯವಾಯಿತು. ಮಲಗಿದರು, ಮುಖ ಬಂತು. ಮತ್ತೆ ಎದ್ದರು, ಮತ್ತೆ ಮಾಯ. ಯಾರು ಬಂದಿದ್ದಾರೆಂದು ತಿಳಿಯುವ ಆಸೆ ಕೊನೆಗೆ ಮರ್ಯಾದೆಯನ್ನು ಗೆದ್ದಿತು, ಮಲಗಿಯೇ ಬಿಟ್ಟರು. ಸಂಜೆ ಮಗನ ಹತ್ತಿರ ದೂರು ಹೇಳಿದರು: "ಲೆಕ್ಕದ ಟೀಚರನ್ನ ಸೊಸಿ ಮಾಡ್ಕೋಬಾರದು ನೋಡಪ್ಪ. ಮಲಗಿಸಲಾಕೂ ಸೂತ್ರ ಹಚ್ತಾಳ."

ಮೂರು: ಬದನೆಕಾಯಿ ಪರೀಕ್ಷೆ

ಒಂದು ಸಲ ರುಚಿ ಹತ್ತಿದ ಮೇಲೆ ಅತ್ತೆಯನ್ನು ಹಿಡಿಯುವವರೇ ಇರಲಿಲ್ಲ. ಓಣಿಯ ಹೆಂಗಸರು ಬಾವಿಗೆ ಬಂದ ಹಾಗೆ ನಮ್ಮ ಗಂಟೆಗೆ ಬರತೊಡಗಿದರು. ಅತ್ತೆ ಒಳಗಿಂದಲೇ ಒಬ್ಬರ ಮಗಳ ಬಾಣಂತನ ವಿಚಾರಿಸುತ್ತಿದ್ದರು, ಜಗಳ ಬಿಡಿಸುತ್ತಿದ್ದರು. ಅದೆಲ್ಲ ನನ್ನ ಫೋನಿಗೂ ಬರುತ್ತಿದ್ದರಿಂದ ವಿರಾಮದ ಹೊತ್ತಿನಲ್ಲಿ ನಮ್ಮ ಸ್ಟಾಫ್ ರೂಮಿನವರಿಗೆ ಟಿವಿ ಧಾರಾವಾಹಿಯ ಅಗತ್ಯವೇ ಉಳಿಯಲಿಲ್ಲ. ಇದನ್ನು ಅತ್ತೆಗೂ ಹೇಳಿದ್ದೆ.

ಒಂದು ದಿನ ಫೋನಿನ ತುಂಬ ಏನೋ ನೇರಳೆ ಬಣ್ಣ. ಗಾಬರಿಯಾದೆ. ನೋಡಿದರೆ ಬದನೆಕಾಯಿ! ಕಮಠಾಣದಿಂದ ಬುಟ್ಟಿ ಹೊತ್ತು ಬರುವ ಕಾಯಿಪಲ್ಲೆಯ ಅಕ್ಕ ಒಂದೊಂದೇ ಕಾಯಿಯನ್ನು ಕ್ಯಾಮೆರಾಕ್ಕೆ ಹಿಡಿದು ತೋರಿಸುತ್ತಿದ್ದಳು.

"ಹೊಳ್ಳಿಸು," ಅತ್ತೆಯ ದನಿ. "ತೊಟ್ಟಿನ ಕಡಿ ತೋರ್ಸು. ಅದೇನು ತೂತು?"

"ತೂತಲ್ರೀ ಅವ್ವಾ, ಮಚ್ಚಿ!"

"ಇದು ಬ್ಯಾಡ. ಮುಂದಿಂದು."

ಬುಟ್ಟಿಯ ಅರ್ಧ ಬದನೆಕಾಯಿ ಹೀಗೆ ಸಂದರ್ಶನಕ್ಕೆ ಹಾಜರಾದವು. ಕೊನೆಗೆ ಆಕೆಯ ತಾಳ್ಮೆ ಕೆಟ್ಟಿತು. ಬುಟ್ಟಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ಕ್ಯಾಮೆರಾಕ್ಕೆ ಮುಖ ಕೊಟ್ಟು ಹೇಳಿದಳು: "ನನ್ನ ಮಾಲೆಲ್ಲ ಹೊಳ್ಳಿಸಿ ಹೊಳ್ಳಿಸಿ ನೋಡಿದಿರಿ. ಈಗ ನೀವು ಒಂದು ಜರಾ ಹೊರಗ ಬಂದು ಮಾರಿ ತೋರಸ್ರಿ. ಒಳಗ ಇಟ್ಟಲ್ಲೇ ಕೊಳತೀರೋ ಏನೋ ನಾನೂ ನೋಡ್ತೀನಿ."

ನಾಲ್ಕು: ಮನೆಯಲ್ಲಿ ಯಾರೂ ಇಲ್ಲ

ಆಕೆ ತಮಾಷೆಗೆ ಅಂದದ್ದು ನಿಜವಾಗುವ ಹಾಗೆ ಕಂಡಿತು. ಪ್ಲಾಸ್ಟರ್ ಬಿಚ್ಚಿದ ಡಾಕ್ಟರು, "ಎಲುಬು ಚೆನ್ನಾಗಿ ಕೂಡಿದೆ. ಇನ್ನು ದಿನಾ ನಡೆಯಬೇಕು. ಈಗ ನಡೆಯದಿದ್ದರೆ ಕಾಲು ಸೆಟೆದುಕೊಂಡು ಶಾಶ್ವತವಾಗಿ ಮಂಚವೇ ಗತಿ" ಎಂದರು. ಅತ್ತೆ ತಲೆಯಾಡಿಸಿ, ಮನೆಗೆ ಬಂದು, ಮಂಚ ಹತ್ತಿ, ಗೂಡಿನ ಕಡೆ ಮುಖ ಮಾಡಿ ಮಲಗಿದರು.

"ಏಳ್ರಿ ಅತ್ತಿ, ಬಾಗಲ ತನಕ ಹೋಗಿ ಬರೋಣು."

"ಬಾಗಲೇ ಇಲ್ಲಿಗಿ ಬರ್ತದ. ನಾ ಯಾಕ ಹೋಗ್ಲಿ?"

ಮಲಗಿ ಎಂದಾಗ ಎದ್ದು ನಿಂತವರು ಏಳಿ ಎಂದರೆ ಏಳುತ್ತಿಲ್ಲ! ನನಗೆ ಸಿಟ್ಟು, ಅಳು ಎರಡೂ ಒಟ್ಟಿಗೇ ಬರುತ್ತಿದ್ದವು. ಅವರನ್ನು ಕಾಪಾಡಲೆಂದು ಜೋಡಿಸಿದ ಸ್ಪೀಕರೇ ಅವರನ್ನು ಹಾಸಿಗೆಗೆ ಕಟ್ಟಿಹಾಕಿತ್ತು. ನಡೆಯಲೆಂದು ತಂದ ವಾಕರಿನ ಮೇಲೆ ಸೀರೆ ಒಣಗುತ್ತಿತ್ತು. ಕೊನೆಗೆ ದವಾಖಾನೆಯಿಂದ ಕಾಲಿನ ವ್ಯಾಯಾಮ ಮಾಡಿಸುವ ಮೇಡಮ್ಮನ್ನೇ ಮನೆಗೆ ಬರುವಂತೆ ಗೊತ್ತುಮಾಡಿದೆ.

ಮೊದಲ ದಿನವೇ ಆಕೆಯ ಫೋನು. "ಟೀಚರ್, ನಿಮ್ಮ ಮನ್ಯಾಗ ಯಾರೂ ಇಲ್ಲೇನ್ರಿ?"

"ಅತ್ತಿ ಅದಾರಲ್ರಿ! ಯಾರು ಹೇಳಿದ್ರು ಇಲ್ಲಂತ?"

"ಗೊತ್ತಿಲ್ರಿ. ಗಂಟಿ ಒತ್ತಿದೆ. ಒಳಗಿಂದ ಒಬ್ಬರು ಹೇಳಿದ್ರು, ಮನ್ಯಾಗ ಯಾರೂ ಇಲ್ಲ, ವ್ಯಾಯಾಮದವರು ಯಾರೂ ಬರಬ್ಯಾಡ್ರಿ ಅಂತ."

ಐದು: ಔರಾದಿನ ಭಾವ

ಬರುವ ಐತವಾರ ಇದನ್ನು ಕಿತ್ತೇ ಹಾಕುತ್ತೇನೆ ಎಂದು ಮನೆಯಲ್ಲಿ ಸಾರಿದೆ. ಕಿತ್ತರೆ ಊಟ ಬಿಡುತ್ತೇನೆ ಎಂದು ಅತ್ತೆ ಸಾರಿದರು. ಯಜಮಾನರು ಯಾರ ಪಕ್ಷವನ್ನೂ ವಹಿಸದೆ ಅಂಗಡಿಗೆ ಬೇಗ ಹೋಗತೊಡಗಿದರು.

ಆ ಐತವಾರಕ್ಕೆ ಮೊದಲೇ, ಶಾಲೆಯ ವಿರಾಮದಲ್ಲಿ ಫೋನು ಗುಂಯ್‌ಗುಟ್ಟಿತು. ಬಾಗಿಲಲ್ಲಿ ದೊಡ್ಡ ಮಾವ! ನನ್ನ ತೀರಿಹೋದ ಮಾವನ ಅಣ್ಣ, ಅಂದರೆ ಅತ್ತೆಗೆ ಭಾವ. ಎಂಬತ್ತು ದಾಟಿದ ಮನುಷ್ಯ, ಬಿಳಿ ಧೋತರ, ರುಮಾಲು, ಕೈಯಲ್ಲಿ ಕೋಲು. ಔರಾದಿನಿಂದ ಬಸ್ಸಿನಲ್ಲಿ ಒಬ್ಬರೇ ಬಂದಿದ್ದರು, ಹೆಗಲ ಚೀಲದಲ್ಲಿ ಹಸಿ ತೊಗರಿಕಾಯಿ. ರೀತಿ ರಿವಾಜಿನಲ್ಲಿ ಅತ್ತೆಗಿಂತಲೂ ಒಂದು ಕೈ ಮೇಲು. ಎಂದಿನಂತೆ ಸ್ಟಾಫ್ ರೂಮಿನವರೆಲ್ಲ ನನ್ನ ಸುತ್ತ ಸೇರಿದರು, ಆ ಹೊತ್ತಿಗೆ ಒಳಗೆ ಬಂದ ಹೆಡ್ ಮೇಡಮ್ಮೂ ನಿಂತು ನೋಡಿದರು.

"ಶರಣ್ರೀ ಭಾವಾ! ಬಾಗಲ ತಳ್ಳಿ ಒಳಗ ಬರ್ರಿ," ಅತ್ತೆಯ ದನಿ ಬಂತು.

ದೊಡ್ಡ ಮಾವ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. "ಎಲ್ಲಿದ್ದಿ ಯವ್ವಾ?"

"ಒಳಗ ಹಾಸಿಗಿ ಮ್ಯಾಲ್ರೀ. ಕಾಲು ನೋಯ್ತದ್ರೀ. ನೀವು ಬರ್ರಿ."

"ಕರೀಲಾರದ ಮನ್ಯಾಗ ನಾ ಕಾಲಿಡಂಗಿಲ್ಲ."

"ಕರೀಲಾಕತ್ತೀನಲ್ರೀ!"

"ನೀ ಎಲ್ಲಿ ಕರೀಲಾಕತ್ತಿ? ಗ್ವಾಡಿ ಕರೀಲಾಕತ್ತದ."

ನಾನು ನಡುವೆ ಮಾತಾಡಲು ನೋಡಿದೆ, ಆಗಲಿಲ್ಲ. ಗಂಟೆಯಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬಹುದಿತ್ತು, ಅತ್ತೆ ಆಗಲೇ ಅದನ್ನು ಹಿಡಿದಿದ್ದರು. ದೊಡ್ಡ ಮಾವ ರುಮಾಲು ಸರಿಮಾಡಿಕೊಂಡರು. "ಆಯ್ತು. ಕಾಲು ನೋಯ್ತಿದ್ರ ನೀ ಮಲಕೋ. ನಾ ಇಲ್ಲೇ ಇರ್ತೇನಿ" ಎಂದು ಚೀಲ ಇಳಿಸಿ, ಕೋಲು ಊರಿ, ಮೆಲ್ಲಗೆ ಕೆಳಕ್ಕೆ ಹೋದರು. ರುಮಾಲಿನ ತುದಿ ಕಂಡಿತು, ಅದೂ ಮಾಯವಾಯಿತು. ಕೋಲು ಕಟ್ಟೆಗೆ ಬಡಿದು ಬಿದ್ದ ಸದ್ದು. ಆಮೇಲೆ ಫೋನಿನಲ್ಲಿ ಎದುರುಮನೆಯ ಗೋಡೆ ಬಿಟ್ಟು ಬೇರೇನಿಲ್ಲ.

"ಭಾವಾ?" ಅತ್ತೆ ಕರೆದರು.

ಉತ್ತರವಿಲ್ಲ.

"ಭಾವಾರೀ? ಬಿದ್ದಿರೇನ್ರೀ? ಮಾತಾಡ್ರಿ!"

ಇಲ್ಲ. "ಅಯ್ಯೋ ಶಿವನೇ" ಎಂಬ ಕೂಗೊಂದು ಬಂದು ಒಳಗಿನ ದನಿಯೂ ನಿಂತಿತು. ಬಾಗಿಲಲ್ಲಿ ಮುದುಕ, ಒಳಗೆ ಮುದುಕಿ, ನಾನು ಭಾಲ್ಕಿಯಲ್ಲಿ. ಪಕ್ಕದಲ್ಲಿದ್ದ ಟೀಚರೊಬ್ಬರ ಫೋನಿನಿಂದ ಯಜಮಾನರ ನಂಬರು ಒತ್ತತೊಡಗಿದೆ.

ಆಗ ಬಾಗಿಲು ತೆರೆದ ಸದ್ದು. ಹೊಸ್ತಿಲು ದಾಟಿ ಕ್ಯಾಮೆರಾದ ಮುಂದೆ ಅತ್ತೆ! ವಾಕರಿಲ್ಲ, ಗೋಡೆ ಹಿಡಿದಿಲ್ಲ, ಸೆರಗು ನೆಲಕ್ಕೆ ಜಾರಿದೆ. ತಮ್ಮ ಕೋಣೆ, ನಡುಮನೆ, ಪಡಸಾಲೆ ದಾಟಿ ಎರಡೂ ಕಾಲ ಮೇಲೆ ನಡೆದು ಬಂದಿದ್ದಾರೆ. ಗಾಬರಿಯಿಂದ ಕೆಳಗೆ ನೋಡಿದರು. ನೋಡುತ್ತಲೇ ಅವರ ಮುಖ ಕೆಂಪಾಯಿತು.

ಕೆಳಗಿನಿಂದ ರುಮಾಲು ಮೇಲೆದ್ದಿತು. ಆಮೇಲೆ ಮುಖ. ದೊಡ್ಡ ಮಾವ ಕಟ್ಟೆಯ ಮೇಲೆ ಆರಾಮಾಗಿ ಕುಳಿತು ತೊಗರಿಕಾಯಿ ಸುಲಿದು ತಿನ್ನುತ್ತಿದ್ದರು. ಬಾಯಿ ತುಂಬ ಕಾಳು. ಅದನ್ನು ಅಗಿದು, ನುಂಗಿ, ಧೋತರದ ಸಿಪ್ಪೆ ಕೊಡವಿ, ತಮ್ಮನ ಹೆಂಡತಿಯ ಎದುರು ನೆಟ್ಟಗೆ ನಿಂತು ಹೇಳಿದರು:

"ಹಾಂ. ಈಗ ಕರಿ."

ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡರು. "ಶರಣ್ರಿ. ಒಳಗ ಬರ್ರಿ ಭಾವಾ" ಎಂದು ಬಾಗಿಲು ಪೂರಾ ತೆರೆದು ಪಕ್ಕಕ್ಕೆ ಸರಿದರು, ಸ್ವಂತ ಕಾಲ ಮೇಲೆ. ಸ್ಟಾಫ್ ರೂಮಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ನಾನು ನಾಚಿಕೆ ಬಿಟ್ಟು ಅಳುತ್ತಿದ್ದೆ. ತರಗತಿಯ ಗಂಟೆ ಹೊಡೆದದ್ದು ನಮ್ಮಲ್ಲಿ ಯಾರಿಗೂ ಕೇಳಿರಲಿಲ್ಲ.

ಭಾವನನ್ನು ಒಳಗೆ ಕಳಿಸಿದ ಅತ್ತೆ ಬಾಗಿಲು ಮುಚ್ಚುವ ಮೊದಲು ತಿರುಗಿ, ಕ್ಯಾಮೆರಾದ ಹತ್ತಿರಕ್ಕೆ ಮುಖ ತಂದು, ನೇರ ನನ್ನ ಕಣ್ಣಲ್ಲೇ ಕಣ್ಣಿಟ್ಟ ಹಾಗೆ ನೋಡಿದರು.

"ನೋಡಿದ್ದು ಸಾಕು. ಅಳೋದೂ ಸಾಕು. ಕ್ಲಾಸಿಗಿ ಹೋಗ್ರಿ ಎಲ್ಲಾರು!"

ಹೆಡ್ ಮೇಡಮ್ಮೇ ಎಲ್ಲರಿಗಿಂತ ಮೊದಲು ಹೊರಗೆ ಓಡಿದರು.