ಹಂಸಪಾದ

ಇಷ್ಟೆಲ್ಲ ಅವಾಂತರಕ್ಕೆ ಕಾರಣ ಒಂದೇ ಒಂದು ಪದ. ಅದೂ ಆಡಿದ ಪದವಲ್ಲ, ಆಡದೆ ಬಿಟ್ಟ ಪದ.

ಬಿಟ್ಟವರು ಬೇರೆ ಯಾರಾದರೂ ಆಗಿದ್ದರೆ ಕ್ಷಮಿಸಬಹುದಿತ್ತು. ಕರಡಿರಾಯರು ಪಠ್ಯಪುಸ್ತಕದ ಅಚ್ಚುಕೂಟದಲ್ಲಿ ಮೂವತ್ತೈದು ವರ್ಷದಿಂದ ಕರಡು ತಿದ್ದುವವರು. ತಿದ್ದಿ ತಿದ್ದಿಯೇ ಆ ಹೆಸರು ಬಂದದ್ದು, ಮೈಕಟ್ಟು ನೋಡಿದರೆ ಕಡ್ಡಿ. ಸಾಲಿನಲ್ಲಿ ಪದವೊಂದು ಬಿಟ್ಟುಹೋದರೆ ಕೆಂಪು ಶಾಯಿಯಲ್ಲಿ ಹಂಸಪಾದ ಹಾಕುವುದು, ಅಂದರೆ ಹಕ್ಕಿಯ ಹೆಜ್ಜೆಯಂಥ ಗುರುತು ಮಾಡಿ ಬಿಟ್ಟದ್ದನ್ನು ಮೇಲೆ ಬರೆಯುವುದು ಅವರ ಕಸುಬು. ನೆಂಟರು ಕೊಟ್ಟ ಮದುವೆಯ ಕರೆಯೋಲೆಯನ್ನೂ ತಿದ್ದಿ ಹಿಂದಿರುಗಿಸಿ, ಊಟಕ್ಕೆ ಕರೆಯುವವರಿಲ್ಲದ ಹಾಗೆ ಮಾಡಿಕೊಂಡಿದ್ದರು.

ರಾಯರಿಗೆ ಇನ್ನೊಂದು ಹುಚ್ಚಿತ್ತು. ಹಳೆಯ ವಾರಪತ್ರಿಕೆಗಳ ವ್ಯಂಗ್ಯಚಿತ್ರಗಳ ಮೂಲಪ್ರತಿ ಹುಡುಕುವುದು. ಅಚ್ಚಾದದ್ದಲ್ಲ, ಕಲಾವಿದ ಕೈಯಾರೆ ಬರೆದ ಹಾಳೆಯೇ ಆಗಬೇಕು. ಟ್ರಂಕಿನಲ್ಲಿ ನಲವತ್ತು ಹಾಳೆಗಳಿದ್ದವು. ಆದರೆ ಅವರಿಗೆ ನಿಜಕ್ಕೂ ಬೇಕಾಗಿದ್ದದ್ದು ನಲವತ್ತೊಂದನೆಯದು.

ರಾಯರು ಹುಟ್ಟಿ ಬೆಳೆದ, ಈಗಲೂ ಇರುವ ಸಾಲುಮನೆಯ ಕೊನೆಯ ಕೋಣೆಯಲ್ಲಿ ಹಿಂದೆ ಒಬ್ಬ ವ್ಯಂಗ್ಯಚಿತ್ರಕಾರ ಬಾಡಿಗೆಗಿದ್ದ. ಮಕ್ಕಳಿಗೆಲ್ಲ ಅವನು ಗೆರೆಮಾಮ. ಒಂದು ವಾರ ಅವನ ಚಿತ್ರದಲ್ಲಿ ಹೆಂಗಸೊಬ್ಬಳು ನೀರು ಬಾರದ ನಲ್ಲಿಗೆ ಫೋನಿನಂತೆ ಕಿವಿಯಿಟ್ಟು, “ಹೊರಟಿದೆಯಂತೆ, ಕಾಯೋಕೆ ಹೇಳ್ತು” ಎನ್ನುತ್ತಿದ್ದಳು. ಆ ಹೆಂಗಸು ರಾಯರ ಅಮ್ಮ. ಆಗ ರಾಯರಿಗೆ ಆರು ವರ್ಷ. ಮುಂದಿನ ವರ್ಷವೇ ಅಮ್ಮ ಜ್ವರದಲ್ಲಿ ತೀರಿಕೊಂಡಳು. ‘ಒಂದು ಫೋಟೋ ತೆಗೆಸೋಣ, ತೆಗೆಸೋಣ’ ಎನ್ನುತ್ತಲೇ ದಿನ ಹೋಗಿತ್ತು. ಉಳಿದದ್ದು ಪತ್ರಿಕೆಯ ತುಣುಕೊಂದೇ. ಅದರಲ್ಲಿ ಅಮ್ಮನ ಮುಖ ಹೆಸರುಕಾಳಿನಷ್ಟು, ಮೂಗಿದ್ದ ಜಾಗದಲ್ಲಿ ಅಚ್ಚಿನ ಮಸಿ. ರಾಯರಿಗೆ ಅಮ್ಮನ ಕೈ ನೆನಪಿತ್ತು, ದನಿ ನೆನಪಿತ್ತು. ಮುಖ ಮಾತ್ರ ವರ್ಷದಿಂದ ವರ್ಷಕ್ಕೆ ಮಾಸುತ್ತಾ ಬಂದಿತ್ತು. ಯಾರಿಗೂ ಹೇಳದ ದುಃಖ ಅದು.

ಆ ಬೆಳಿಗ್ಗೆ ಹನ್ನೊಂದಕ್ಕೆ ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯವನು ಫೋನ್ ಮಾಡಿದ. ಅವನಿಗೆ ರಾಯರು ವರ್ಷಗಟ್ಟಲೆ ಪಾಠ ಹೇಳಿದ್ದರು. ಶಾಯಿಯ ಅಡಿಯಲ್ಲಿ ನೀಲಿ ಪೆನ್ಸಿಲ್ಲಿನ ಗೆರೆ ಇರಬೇಕು, ಹಿಂಬದಿಯಲ್ಲಿ ಸಂಪಾದಕರ ಗೀಚು ಇರಬೇಕು, ತಪ್ಪಿದ ಕಡೆ ಬಿಳಿ ಬಣ್ಣ ಬಳಿದಿರಬೇಕು. ಆ ಬಿಳಿಯ ಅಡಿಯಲ್ಲೇ ಕಲಾವಿದನ ಮೊದಲ ಗೆರೆ ಅಡಗಿರುತ್ತದೆ ಎಂದು. ಈಗ ಶಿಷ್ಯ ಪಾಠ ಒಪ್ಪಿಸಿದ. ಹಳೆಯ ಸಂಪಾದಕರ ಮನೆಯವರು ಒಂದು ಕಟ್ಟು ಕೊಟ್ಟುಹೋಗಿದ್ದಾರೆ, ಅದರಲ್ಲಿ ನಲ್ಲಿಗೆ ಕಿವಿಯಿಟ್ಟ ಹೆಂಗಸಿದ್ದಾಳೆ, ನೀಲಿ ಗೆರೆ ಇದೆ, ಹಿಂದೆ ‘ಎರಡು ಕಾಲಂ, ತುರ್ತು’ ಎಂದಿದೆ, ಮುಖದ ಹತ್ತಿರ ಬಿಳಿ ಬಣ್ಣವೂ ಇದೆ.

ರಾಯರು ಕುರ್ಚಿಯಿಂದ ಎದ್ದೇಬಿಟ್ಟರು. ಅಂಗಡಿಗೆ ಹೋಗುವವರೆಗೂ ತಡೆಯುವ ಶಕ್ತಿ ಅವರಲ್ಲಿರಲಿಲ್ಲ. ಅಷ್ಟರಲ್ಲಿ ಅಚ್ಚುಕೂಟದ ಮ್ಯಾನೇಜರು ಬಾಗಿಲಲ್ಲಿ ನಿಂತದ್ದು ಕಂಡಿತು. ರಾಯರು ಫೋನಿಗೆ ಕೈ ಅಡ್ಡ ಹಿಡಿದು ಪಿಸುಗುಟ್ಟಿದರು.

“ಮುಖ ತೆಗಿ ಮಾರಾಯ. ಮೊದಲು ಮುಖ ತೆಗಿ.”

“ಈಗ್ಲೇ ತೆಗೀಲಾ ಸರ್?”

“ಈಗ್ಲೇ. ಹುಷಾರಾಗಿ.”

ಫೋನಿಟ್ಟು, ಅಮ್ಮನನ್ನು ನೋಡಬೇಕು, ಅರ್ಧ ದಿನ ರಜೆ ಕೊಡಿ ಎಂದು ಮ್ಯಾನೇಜರನ್ನು ಕೇಳಿದರು. ರಾಯರ ತಾಯಿ ತೀರಿಕೊಂಡು ಐವತ್ತು ವರ್ಷವಾಗಿದೆ ಎಂದು ಮ್ಯಾನೇಜರಿಗೆ ಗೊತ್ತಿತ್ತು. ಅವರು ಗಾಬರಿಯಿಂದ ರಾಯರ ಹಣೆ ಮುಟ್ಟಿ ನೋಡಿದರು, ನೀರು ಕುಡಿಸಿದರು, ಏಳನೇ ತರಗತಿಯ ವ್ಯಾಕರಣದ ಕಟ್ಟುಗಳ ಮೇಲೆ ಅರ್ಧ ಗಂಟೆ ಅಂಗಾತ ಮಲಗಿಸಿದರು. ಎದ್ದರೆ ಮತ್ತೆ ಮಲಗಿಸುತ್ತಿದ್ದರು. ರಾಯರು ಮಲಗಿದಲ್ಲೇ ಫೋನ್ ನೋಡಿದರು. ಏನೂ ಬಂದಿರಲಿಲ್ಲ. ತೆಗೆಯುತ್ತಿರಬೇಕು, ನಿಧಾನಸ್ಥ ಅವನು, ಎಂದು ಸಮಾಧಾನ ಮಾಡಿಕೊಂಡರು.

ಕೊನೆಗೂ ರಜೆ ಸಿಕ್ಕಿ, ಭೂತಗನ್ನಡಿ ತರಲೆಂದು ಮನೆಗೆ ಓಡಿದರೆ ನಲ್ಲಿಯ ಹತ್ತಿರ ನಲ್ಲಿ ಅಜ್ಜಿ ಕೂತಿದ್ದಳು. ಆ ಸಾಲುಮನೆಯ ನಲ್ಲಿಗೆ ಐವತ್ತೈದು ವರ್ಷದಿಂದ ಅವಳದೇ ದರಬಾರು. ಅವಳ ಕಣ್ಣು ತಪ್ಪಿಸಿ ಬೆಕ್ಕೂ ಹಾಲು ಕುಡಿಯುತ್ತಿರಲಿಲ್ಲ. ಎರಡೇ ನಿಮಿಷದಲ್ಲಿ ರಾಯರ ಬಾಯಿಂದ ವಿಷಯ ಹೊರಬಿತ್ತು.

“ಅದು ನನ್ನ ಚಿತ್ರ ಕಣೋ. ಮೊದಲು ನನ್ನನ್ನೇ ಬರೆದಿದ್ದ. ನಮ್ಮ ಯಜಮಾನರು ಜಗಳ ಆಡಿದ್ದಕ್ಕೆ ನಿಮ್ಮಮ್ಮನ್ನ ಹಾಕ್ದ.”

ಈ ಮಾತನ್ನು ರಾಯರು ಚಡ್ಡಿ ಹಾಕುವ ಕಾಲದಿಂದ ಕೇಳಿದ್ದರು. ಸಾಲುಮನೆಯವರೆಲ್ಲ ನಕ್ಕಿದ್ದರು, ಎಲ್ಲರಿಗಿಂತ ಜೋರಾಗಿ ನಕ್ಕವರು ರಾಯರೇ. ಇಂದೂ ನಕ್ಕರು. ಅಜ್ಜಿ ಕೊಡ ಅಲ್ಲೇ ಬಿಟ್ಟು ಚಪ್ಪಲಿ ಮೆಟ್ಟಿದಳು. ಬೇಡವೆಂದರೆ ಕೇಳುವ ಜಾತಿಯೇ ಅವಳದಲ್ಲ.

ಬಸ್ಸಿನಲ್ಲಿ ಅಜ್ಜಿ ಪಕ್ಕದವರಿಗೆಲ್ಲ ತನ್ನ ಚಿತ್ರ ನೋಡಲು ಹೋಗುತ್ತಿರುವುದಾಗಿ ಸಾರಿದಳು. ಹಿಂದಿನ ಸೀಟಿನವರು ಎದ್ದುನಿಂತು ಅವಳ ಮುಖ ನೋಡಿದರು. ರಾಯರು ಐದು ಬಾರಿ ಫೋನ್ ತೆಗೆದು ನೋಡಿ, ಇಳಿಯಬೇಕಾದ ಸ್ಟಾಪನ್ನು ಮರೆತರು. ಎರಡು ಸ್ಟಾಪು ಹಿಂದಕ್ಕೆ ನಡೆಯುವಾಗ ಅಜ್ಜಿ ಮಂಡಿನೋವಿನ ಪುರಾಣ ಆರಂಭಿಸಿದಳು. ರಾಯರ ಕಿವಿಗೆ ಏನೂ ಬೀಳಲಿಲ್ಲ. ಅಮ್ಮನ ಮೂಗು ಹೇಗಿದ್ದೀತು, ಚೂಪೋ ಮೊಂಡೋ, ತನ್ನದರ ಹಾಗೆ ಇದ್ದೀತೇ ಎಂದು ಅಂಗಡಿಗಳ ಗಾಜಿನಲ್ಲೆಲ್ಲ ತಮ್ಮ ಮೂಗನ್ನೇ ನೋಡಿಕೊಳ್ಳುತ್ತಾ ನಡೆದರು.

ಚೌಕಟ್ಟಿನವನು ಹಲ್ಲು ಕಿರಿದು ಸ್ವಾಗತಿಸಿದ. ಮೇಜಿನ ಮೇಲೆ ಹಾಳೆ ಹರಡಿತ್ತು. ಪಕ್ಕದಲ್ಲಿ ಒದ್ದೆ ಬಟ್ಟೆಯೊಂದು ಬಿದ್ದಿತ್ತು.

“ತೆಗ್ದಿದೀನಿ ಸರ್. ಒಂದು ಗಂಟೆ ಹಿಡೀತು.”

“ಮತ್ತೆ ಕಳಿಸ್ಲಿಲ್ಲ ಯಾಕಪ್ಪ?”

“ಏನ್ ಕಳಿಸ್ಲಿ?”

“ಮುಖದ ಫೋಟೋ.”

“ನೀವು ಫೋಟೋ ಅನ್ಲಿಲ್ವಲ್ಲ ಸರ್. ಮುಖ ತೆಗಿ ಅಂದ್ರಿ. ಬಿಳಿ ಮೇಲೆ ಒಂದು ಮುಖ ಬರೆದಿದ್ರು, ಉದುರೋ ಹಂಗಿತ್ತು. ಅಡಿಯಲ್ಲಿರೋದೇ ಮೊದಲ ಗೆರೆ ಅಂತ ನೀವೇ ತಾನೆ ಹೇಳ್ಕೊಟ್ಟಿದ್ದು? ಒರೆಸಿ ತೆಗ್ದೆ. ನೋಡಿ, ಹೆಂಗೆ ಬಂದಿದೆ.”

ರಾಯರು ಭೂತಗನ್ನಡಿ ಹಿಡಿದು ಬಗ್ಗಿದರು. ನಲ್ಲಿ ಇತ್ತು, ಕೊಡ ಇತ್ತು, ಅಮ್ಮನ ಕೈಯೂ ಇತ್ತು. ಕಿವಿ ನಲ್ಲಿಗೆ ತಾಗಿದ ಕಡೆ ಇಪ್ಪತ್ತೆರಡು ವರ್ಷದ ಹೆಂಗಸೊಬ್ಬಳು ಹುಬ್ಬೇರಿಸಿ ನೋಡುತ್ತಿದ್ದಳು. ಗಲ್ಲದ ಮೇಲೆ ಒಂದು ಮಚ್ಚೆ. ಆ ಮಚ್ಚೆಯನ್ನು ರಾಯರು ಬೆಳಗಾದರೆ ನೋಡುತ್ತಿದ್ದರು. ಮೆಲ್ಲಗೆ ತಲೆಯೆತ್ತಿದರೆ, ಮೇಜಿನ ಆಚೆ ಅದೇ ಮಚ್ಚೆ ಸುಕ್ಕುಗಳ ನಡುವೆ ಕೂತಿತ್ತು.

ಅಜ್ಜಿ ಗೆದ್ದಿದ್ದಳು. ‘ನಾನು ಹೇಳ್ಲಿಲ್ವಾ’ ಎಂದು ಅಂಗಡಿ ಹಾರಿಹೋಗುವಂತೆ ಕೂಗಬೇಕಿತ್ತು. ಕೂಗಲಿಲ್ಲ. ಹಾಳೆಯ ಮೇಲೆ ಬಗ್ಗಿ ತನ್ನ ಗಲ್ಲದ ಮಚ್ಚೆ ಮುಟ್ಟಿಕೊಂಡಳು.

“ಇಷ್ಟು ಚೆನ್ನಾಗಿದ್ದೆನೇನೋ ನಾನು?” ಎಂದಳು.

ಊರೆಲ್ಲರ ಸಾಲಿನಲ್ಲಿ ಬಿಟ್ಟುಹೋದ ಪದಗಳನ್ನು ಹೆಕ್ಕಿ ಕೂರಿಸಿದ ರಾಯರು ತಮ್ಮ ಮೂರು ಪದದ ಮಾತಿನಲ್ಲಿ ಒಂದನ್ನು ಬಿಟ್ಟಿದ್ದರು. ಜೇಬಿನ ಕೆಂಪು ಪೆನ್ನಿಗೆ ಕೈ ತಾನಾಗಿ ಹೋಯಿತು. ಹಂಸಪಾದ ಹಾಕಲು ಜಾಗವಿರಲಿಲ್ಲ.

ಚೌಕಟ್ಟಿನವನಿಗೆ ಈಗ ಅರ್ಥವಾಗಿ ಮುಖ ಬಿಳುಚಿತು. ಏನು ಬೇಕಾದರೂ ಮಾಡಿಕೊಡುತ್ತೇನೆ ಎಂದ. ರಾಯರು ಹಾಳೆಯನ್ನು ಅಜ್ಜಿಗೆ ಚೌಕಟ್ಟು ಹಾಕಿಕೊಡಲು ಹೇಳಿದರು. ಅದು ಇನ್ನು ನಲ್ಲಿಯ ಎದುರಿನ ಗೋಡೆಯಲ್ಲಿ ತೂಗುವುದು, ದಿನಾ ಬೆಳಿಗ್ಗೆ ತಾವು ಅದರ ಮುಂದೆಯೇ ಕೊಡ ಹಿಡಿದು ನಿಲ್ಲುವುದು ಅವರಿಗೆ ಆಗಲೇ ಕಾಣುತ್ತಿತ್ತು.

ತಮಗೆ ಆ ಒದ್ದೆ ಬಟ್ಟೆ ಕೊಡು ಎಂದು ಕೇಳಿದರು.

ಬಟ್ಟೆಯ ನಡುವೆ ಅಂಗೈಯಗಲ ಬೂದು ಕಲೆ. ಬಿಳಿ ಬಣ್ಣ, ಅದರಲ್ಲಿ ಕಲಸಿಹೋದ ಕಪ್ಪು ಶಾಯಿ. ರಾಯರು ಅದನ್ನು ಬಾಗಿಲ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಮೂಗು ಎಲ್ಲಿದ್ದೀತೆಂದು ಹುಡುಕತೊಡಗಿದರು. ಅಜ್ಜಿ ಮಂಡಿ ಹಿಡಿದುಕೊಂಡು ಹತ್ತಿರ ಬಂದು, ಅವರ ಹೆಗಲ ಮೇಲಿಂದ ಬಗ್ಗಿ ನೋಡಿದಳು.

“ತಿರುಗಿಸಿ ಹಿಡ್ಕೊಳ್ಳೋ,” ಎಂದಳು ಮೆಲ್ಲಗೆ. “ನಿಮ್ಮಮ್ಮ ತಲೆಕೆಳಗಾಗಿದ್ದಾಳೆ.”